ಅತ್ತೆಯ ಕಣ್ಣಿಗೆ ಹೈದರಾಬಾದು

ಹೋಗುವ ಮೊದಲೇ ನಾವು ನೋಡಿಬಿಡುವ ಊರಿನಲ್ಲಿ ಬಿಸಿಲೆಂಬುದು ಇರುವುದಿಲ್ಲ. ಅಲ್ಲಿ ಕಾಲು ನೋಯುವುದಿಲ್ಲ, ಟಾಂಗಾದವನು ತಕರಾರು ತೆಗೆಯುವುದಿಲ್ಲ, ಕೋಟೆಯ ಮೆಟ್ಟಿಲುಗಳು ತಾವಾಗಿಯೇ ಬಾಗಿ ನಮ್ಮನ್ನು ಮೇಲಕ್ಕೆ ಎತ್ತಿಕೊಳ್ಳುತ್ತವೆ. ನಾನು ಹೈದರಾಬಾದನ್ನು ಮೊದಲು ಕಂಡದ್ದು ಈ ಬಗೆಯಲ್ಲಿಯೇ, ಮಸ್ಕಿಯ ನಮ್ಮ ಮನೆಯಲ್ಲಿ, ಸೆಗಣಿ ಸಾರಿಸಿದ ಅಡುಗೆಮನೆಯ ನೆಲದ ಮೇಲೆ. ಬೋರಲು ಹಾಕಿದ ನಾಲ್ಕು ಹಿತ್ತಾಳೆ ಲೋಟಗಳು ಚಾರ್ಮಿನಾರು, ನೀರು ತುಂಬಿದ ಪರಾತ ಹುಸೇನ ಸಾಗರ, ಮಗುಚಿಟ್ಟ ಕರಿ ಬಾಣಲೆಯೇ ಗೋಲ್ಕೊಂಡದ ಗುಡ್ಡ. ನಡುವೆ ಒದ್ದೆ ಬಟ್ಟೆಯೊಂದನ್ನು ಡೊಂಕಾಗಿ ಎಳೆದು, "ಇದು ಮೂಸಿ ನದಿ, ದಾಟುವಾಗ ಸೀರಿ ನೆರಿಗಿ ಎತ್ತಿ ಹಿಡಕೋ" ಎಂದು ನಮ್ಮವರು ಗಂಭೀರವಾಗಿ ಹೇಳಿದಾಗ ನಾನು ನಿಜಕ್ಕೂ ಸೆರಗು ಸಾವರಿಸಿಕೊಂಡು ದಾಟಿದ್ದೆ.

ನಮ್ಮವರು ಎಂದರೆ ನನ್ನ ಗಂಡ. ಹೆಸರು ಹೇಳುವ ರೂಢಿ ಆಗ ಇರಲಿಲ್ಲ, ಈಗ ರೂಢಿಯಿದ್ದರೂ ನಾಲಿಗೆ ಏಳುವುದಿಲ್ಲ. ಅವರು ಲಿಂಗಸುಗೂರಿನ ಶಾಲೆಯಲ್ಲಿ ಮಾಸ್ತರರು. ವಾರವೆಲ್ಲ ಅಲ್ಲಿಯೇ ಕೋಣೆಯೊಂದರಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಸ್ಕಿಗೆ ಬಂದು ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹೊರಟುಬಿಡುವವರು. ನಾನು ಸಿಂಧನೂರಿನ ಹುಡುಗಿ. ತುಂಗಭದ್ರೆಯ ಕಾಲುವೆ ಆಗಷ್ಟೇ ನಮ್ಮ ಕಡೆಯ ಹೊಲಗಳಿಗೆ ಕಣ್ಣು ಬಿಟ್ಟಿತ್ತು. ಆ ನೀರಿನ ಹಾಗೆಯೇ ಹೊಸದಾಗಿ, ಎತ್ತ ಹರಿಯಬೇಕೆಂಬುದು ತಿಳಿಯದೆ, ಮಸ್ಕಿಯ ಆ ಮನೆಗೆ ಸೊಸೆಯಾಗಿ ಬಂದಿದ್ದೆ. ಮಧುಚಂದ್ರವೆಂಬ ಶಬ್ದ ನಮ್ಮ ಸೀಮೆಯನ್ನು ಇನ್ನೂ ಮುಟ್ಟಿರಲಿಲ್ಲ. ಮಧುವೂ ಇತ್ತು, ಚಂದ್ರನೂ ಇದ್ದ. ಎರಡನ್ನೂ ಕೂಡಿಸುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ. ಅತ್ತೆ ಗುಡ್ಡದ ಮಲ್ಲಯ್ಯನ ಗುಡಿಗೆ ಹೋಗಿಬರುವಷ್ಟು ಹೊತ್ತು ನಮಗೆ ಏಕಾಂತ. ಆ ಏಕಾಂತವನ್ನು ನಾವು ಪ್ರೇಮಾಲಾಪದಲ್ಲಿ ಕಳೆಯದೆ, ನಂಬುವಿರೋ ಇಲ್ಲವೋ, ಲೋಟ ಪರಾತಗಳನ್ನು ಅತ್ತಿತ್ತ ಸರಿಸುತ್ತ ನಗರನಿರ್ಮಾಣದಲ್ಲಿ ಕಳೆಯುತ್ತಿದ್ದೆವು.

ಇದಕ್ಕೆ ಒಂದು ರಾಜಕೀಯ ಕಾರಣವೂ ಇತ್ತು. ನಿಜಾಮರ ಆಳಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಇನ್ನು ಕನ್ನಡದವರೆಲ್ಲ ಒಂದು ರಾಜ್ಯವಾಗುತ್ತಾರೆ, ನಮ್ಮ ಜಿಲ್ಲೆ ಮೈಸೂರಿನ ಕಡೆಗೆ ಹೋಗುತ್ತದೆ ಎಂಬ ಮಾತು ಸಂತೆಯಲ್ಲಿಯೂ ಕೇಳಿಬರುತ್ತಿತ್ತು. "ಮುಂದ ನಮ್ಮ ರಾಜಧಾನಿ ಬೆಂಗಳೂರಂತ. ಅದನ್ನ ನಮ್ಮಜ್ಜನೂ ನೋಡಿಲ್ಲ, ಮುತ್ತಜ್ಜನೂ ನೋಡಿಲ್ಲ. ಹೈದರಾಬಾದು ನಮ್ಮದು ಇರೂದ್ರಾಗ ಒಂದು ವಾರ ನೋಡಿ ಬಿಡೂಣು" ಎಂದು ನಮ್ಮವರು ಹೇಳಿದಾಗ ಅವರ ದನಿಯಲ್ಲಿ, ಮನೆ ಖಾಲಿ ಮಾಡುವ ಮುನ್ನ ಎಲ್ಲ ಕೋಣೆಗಳನ್ನೂ ಒಮ್ಮೆ ನೋಡಿಕೊಳ್ಳುವವನ ಆತುರವಿತ್ತು. ತರಬೇತಿಗೆಂದು ಒಂದು ವರ್ಷ ಅಲ್ಲಿದ್ದು ಬಂದವರು ಅವರು. ನನಗೋ ರಾಜಧಾನಿ ಯಾವುದಾದರೂ ಸರಿಯೆ. ಅವರ ಜೊತೆಗೆ ಇಡೀ ಒಂದು ವಾರ ಎಂಬುದೇ ಸಾಮ್ರಾಜ್ಯವಾಗಿತ್ತು.

ಒಂದು ಭಾನುವಾರ ನಾವು ಮೂರನೆಯ ದಿನದ ಗೋಲ್ಕೊಂಡವನ್ನು ಎರಡನೆಯ ದಿನಕ್ಕೆ ತರಬೇಕೋ ಬೇಡವೋ ಎಂದು ಬಾಣಲೆ ಹಿಡಿದು ವಾದಿಸುತ್ತಿದ್ದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಗುಡಿಯಿಂದ ಯಾವಾಗ ಬಂದರೋ ತಿಳಿಯದು. ಅತ್ತೆ ಶಿವಗಂಗಮ್ಮನೆಂದರೆ ಓಣಿಯ ಹೆಂಗಸರೆಲ್ಲ ತಲೆಯ ಮೇಲಿನ ಸೆರಗನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ನಾನಂತೂ ಮೂಸಿ ನದಿಯನ್ನು ಎತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅತ್ತೆ ನಿಧಾನವಾಗಿ ಒಳಗೆ ಬಂದು, ಕುಕ್ಕರಗಾಲಲ್ಲಿ ಕುಳಿತು, ನಾಲ್ಕು ಲೋಟಗಳನ್ನು ದಿಟ್ಟಿಸಿ ಮಗನನ್ನು ಕೇಳಿದರು:

"ಇದರ ಮ್ಯಾಲೆ ಹೆಣಮಕ್ಕಳು ಹತ್ತಬಹುದೇನಪಾ?"

"ಹತ್ತಬಹುದವ್ವಾ."

"ಹಂಗಾರ ನಾನೂ ಬರ್ತೀನಿ."

ನನ್ನ ಸಾಮ್ರಾಜ್ಯದಲ್ಲಿ ಮೂರನೆಯವರಿಗೂ ಸಿಂಹಾಸನ ಹಾಕಬೇಕಾಯಿತು. ಅಳುವಷ್ಟು ನಿರಾಶೆಯಾದದ್ದು ನಿಜ. ಆದರೆ ಆ ದಿನದಿಂದ ಅತ್ತೆ ಯೋಜನೆಯೊಳಗೆ ಇಳಿದ ರಭಸ ನೋಡಿ ನಿರಾಶೆಗೂ ಪುರುಸೊತ್ತಾಗಲಿಲ್ಲ. ಅವರು ಬೀಸುವಾಗ ಹೈದರಾಬಾದು, ರೊಟ್ಟಿ ಬಡಿಯುವಾಗ ಹೈದರಾಬಾದು. ಲಾಡ್ ಬಜಾರಿನ ಬಳೆಗಳಿಗೆ ಒಂದು ಪೂರ್ತಿ ದಿನ ಬೇಕೆಂದರು. ಅಲ್ಲಿನ ಪ್ರಾಣಿಗಳ ತೋಟದಲ್ಲಿ ಹುಲಿಯಿದ್ದರೆ ಅದಕ್ಕೆ ಅರ್ಧ ದಿನ, ಇಲ್ಲದಿದ್ದರೆ ಆ ಅರ್ಧವನ್ನೂ ಬಳೆಗೇ ಸೇರಿಸಬೇಕೆಂದರು.

ಉಳಿದದ್ದು ಒಂದೇ ತೊಡಕು: ಮಾವ. ಅಮರಪ್ಪನವರ ಕಿರಾಣಿ ಅಂಗಡಿ ಮಸ್ಕಿಯ ಬಜಾರದಲ್ಲಿತ್ತು. ಮಾತು ಕಡಿಮೆ, ನಗು ಅದಕ್ಕಿಂತಲೂ ಕಡಿಮೆ. ನಮ್ಮೂರ ಗುಡ್ಡದ ಅಶೋಕನ ಶಾಸನ ನೋಡಲು ದೂರದಿಂದ ಜೀಪು ಕಟ್ಟಿಕೊಂಡು ಬರುವವರನ್ನು ಕಂಡು, ಮನೆಯಲ್ಲಿ ಕಲ್ಲಿಲ್ಲದವರಿರಬೇಕೆಂದು ಮರುಗುತ್ತಿದ್ದ ಜೀವ ಅದು. ನಮ್ಮವರು ಅಳುಕುತ್ತ ವಿಷಯ ತೆಗೆದಾಗ ಮಾವ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು:

"ಹೈದರಾಬಾದಿಗೆ ಕೋರ್ಟಿಗೆ ಹೋಗ್ತಾರ, ದವಾಖಾನಿಗೆ ಹೋಗ್ತಾರ. ಬರೇ ನೋಡಾಕ ಯಾರರ ಹೋಗ್ತಾರೇನಲೇ?"

ಅಡುಗೆಮನೆಯಲ್ಲಿ ತುರ್ತು ಸಭೆ ಸೇರಿತು. ಕೋರ್ಟಿಗೆ ಹೋಗಲು ನಮಗೆ ವೈರಿಗಳಿರಲಿಲ್ಲ. ಆದ್ದರಿಂದ ದವಾಖಾನೆಯೇ ಗತಿ. ಯಾರಿಗೆ ಏನು ಕಾಯಿಲೆ? ನನಗೆಂದರೆ ಓಣಿಯವರೆಲ್ಲ ತೊಟ್ಟಿಲು ಹುಡುಕತೊಡಗುತ್ತಾರೆ, ನಮ್ಮವರಿಗೆಂದರೆ ನೌಕರಿಗೆ ಸಂಚಕಾರ. ಅತ್ತೆ ತಮ್ಮ ಅವಯವಗಳನ್ನು ತಾವೇ ಒಂದೊಂದಾಗಿ ಪರಿಶೀಲನೆಗೆ ಒಡ್ಡಿದರು. "ಹಲ್ಲು ಅಂದ್ರ ಲಿಂಗಸುಗೂರಾಗ ಕಿತ್ತು ಕಳಸ್ತಾರ. ಮೊಣಕಾಲು ಅಂದ್ರ ಎಣ್ಣಿ ಹಚ್ಚಕೋ ಅಂತಾರ. ಕಣ್ಣು ಅನ್ನೂಣು. ಕಣ್ಣಿನ ಇಲಾಜು ಹೈದರಾಬಾದಾಗ ಆಗಬೇಕು."

ದರ್ಶನಕ್ಕಾಗಿ ಅತ್ತೆ ನಡೆಸಿದ ಪ್ರದರ್ಶನ ಮರುದಿನವೇ ಆರಂಭವಾಯಿತು. ಮಜ್ಜಿಗೆಯನ್ನು ತಾಟಿನ ಹೊರಗೆ ಬಡಿಸಿದರು. ಕಂಬಕ್ಕೆ ಹಾಯ್ದು, ಕಂಬದ ಕ್ಷಮೆ ಕೇಳಿದರು. ಪಡಸಾಲೆಯಲ್ಲಿ ಇಟ್ಟಿದ್ದ ಶೇಂಗಾ ಚೀಲಕ್ಕೆ "ಬಾರವ್ವಾ, ಯಾವಾಗ ಬಂದಿ? ಕುಂದ್ರು" ಎಂದು ಉಪಚಾರ ಹೇಳಿದಾಗ ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿ ಎಮ್ಮೆಯ ಮರೆಯಲ್ಲಿ ನಿಂತೆ. ಮೊದಮೊದಲು ಮಾವ "ಲಕ್ಷ್ಯ ಎಲ್ಲೈತಿ ನಿಂದು?" ಎಂದು ಗದರಿದರು. ಆಮೇಲೆ ಗದರುವುದು ನಿಂತಿತು. ಅದರ ನಂತರ ನಡೆದದ್ದನ್ನು ನಮ್ಮ ಯೋಜನೆಯಲ್ಲಿ ಯಾರೂ ಊಹಿಸಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ನಡುಮನೆಯ ದಾರಿಯಲ್ಲಿದ್ದ ಬೀಸುವ ಕಲ್ಲನ್ನು ಮಾವ ತಾವೇ ಎತ್ತಿ ಮೂಲೆಗೆ ಸರಿಸಿದ್ದರು. ಚಹಾ ಕೊಡುವಾಗ ಅತ್ತೆಯ ಕೈಹಿಡಿದು, ಬೆರಳುಗಳನ್ನು ಲೋಟದ ಸುತ್ತ ಒಂದೊಂದಾಗಿ ಕೂಡಿಸಿ, "ಬಿಸಿ ಐತಿ, ಸವಕಾಶ" ಎಂದರು. ನಾಲಿಗೆಯಲ್ಲಿ ಅಷ್ಟು ಮೆತ್ತನೆಯ ಪದವೊಂದು ಇಷ್ಟು ವರ್ಷ ಎಲ್ಲಿ ಅಡಗಿತ್ತೋ! ಅತ್ತೆ ಬೆರಗಾಗಿ, ಕುರುಡಿಯ ಪಾತ್ರವನ್ನು ಮರೆತು, ಗಂಡನ ಮುಖವನ್ನೇ ಎವೆಯಿಕ್ಕದೆ ನೋಡಿದರು. ಮಾವ ಅದನ್ನೂ ರೋಗಲಕ್ಷಣವೆಂದೇ ತಿಳಿದರು.

ಆ ಶನಿವಾರ ಅವರು ಮಗನನ್ನು ಪಡಸಾಲೆಗೆ ಕರೆದರು. ನಾನೂ ಅತ್ತೆಯೂ ಕದದ ಹಿಂದೆ ಕಿವಿಯಾಗಿ ನಿಂತಿದ್ದೆವು.

"ಅಕಿನ್ನ ಹೈದರಾಬಾದಿಗೇ ಕರಕೊಂಡು ಹೋಗೂಣು. ಆದ್ರ ದವಾಖಾನಿ ಕಡೀ ದಿನ ಇಟ್ಟುಕೋ" ಎಂದರು ಮಾವ. "ಡಾಕ್ಟರ ಏನಂತಾನೋ ಯಾರಿಗ್ಗೊತ್ತು. ಕಣ್ಣಾಗ ಇನ್ನೂ ಒಂಚೂರು ಬೆಳಕು ಇರೂದ್ರಾಗ ಮೊದಲು ಅಕಿಗೆ ಊರೆಲ್ಲಾ ತೋರಸೂಣು. ಮದಿವಿ ಆದಾಗಿಂದ ಈ ಒಲಿ, ಈ ಗ್ವಾಡಿ ಬಿಟ್ಟು ಅಕಿ ಏನು ನೋಡ್ಯಾಳ? ನಾನೂ ಬರ್ತೀನಿ. ಅಂಗಡಿ ಬಂದ್ ಇರಲಿ."

ಆ ಅಂಗಡಿ ಹಬ್ಬಕ್ಕೂ ಬಾಗಿಲು ಹಾಕಿದ್ದನ್ನು ಮಸ್ಕಿ ಕಂಡಿರಲಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಲೆಯ ಮುಂದೆ ಕುಳಿತುಬಿಟ್ಟರು. ನಮ್ಮವರು ಒಳಗೆ ಬಂದು, "ಅವ್ವಾ, ಖರೇ ಹೇಳಿ ಬಿಡೂಣೇನು?" ಎಂದು ಪಿಸುಗುಟ್ಟಿದರು. ಹೇಳಿದರೆ ವಾರವೂ ಹೋಯಿತು, ಮಾವನ ಮೆತ್ತನೆಯ ಮಾತೂ ಹೋಯಿತು. ಅತ್ತೆ ಕೆಂಡವನ್ನು ಕೆದಕುತ್ತ ಹೇಳಿದರು: "ಬ್ಯಾಡಪಾ. ಸುಳ್ಳು ಹೇಳಿದ್ದು ನಾನು. ಆದ್ರ ಅವ್ರು ಆಡಿದ ಮಾತು ಸುಳ್ಳಲ್ಲ. ಅದನ್ಯಾಕ ಕೆಡಸೂದು?"

ಅಲ್ಲಿಂದ ಮುಂದೆ ಯೋಜನೆಯ ಸೂತ್ರ ಮಾವನ ಕೈಗೆ ಹೋಯಿತು. ಲೋಟ ಪರಾತಗಳೆಲ್ಲ ಪಡಸಾಲೆಗೆ ವರ್ಗವಾದವು. ಸಾಮಾನು ತೂಗುವ ಮನುಷ್ಯ ಈಗ ದಿನಗಳನ್ನು ತೂಗತೊಡಗಿದರು: ಬಿಸಿಲೇರಿದರೆ ಅಕಿ ಕಣ್ಣಿಗೆ ತ್ರಾಸು, ಆದ್ದರಿಂದ ಚಾರ್ಮಿನಾರು ಮುಂಜಾನೆ, ಕೆರೆಯ ದಂಡೆ ಸಂಜೆ, ಹುಲಿ ಇರಲಿ ಬಿಡಲಿ ತೋಟಕ್ಕೆ ಇಡೀ ದಿನ. ಗಿರಾಕಿಗಳು ಬೆಲ್ಲ ಕೇಳಿದರೆ ಹೈದರಾಬಾದಿನ ರಸ್ತೆ ಹೇಳಿಸಿಕೊಂಡು ಹೋಗುವಂತಾಯಿತು.

ದೀಪಾವಳಿಯ ರಜೆಗೆ ಹೊರಟೆವು. ಸಿಂಧನೂರಿನಲ್ಲಿ ಬಸ್ಸು ನಿಂತಾಗ ನಮ್ಮವ್ವ ಸಜ್ಜೆರೊಟ್ಟಿಯ ಗಂಟನ್ನು ಕಿಟಕಿಯಿಂದ ಒಳಗೆ ತುರುಕಿ, ಬೀಗಿತ್ತಿಯ ಕಣ್ಣಿಗಾಗಿ ದೇವರಿಗೆ ಹರಕೆ ಹೊತ್ತಳು. ರಾಯಚೂರಿನಲ್ಲಿ ರೈಲು. ಎಂಜಿನ್ನಿನ ಕಲ್ಲಿದ್ದಲ ಪುಡಿಯೊಂದು ಹಾರಿಬಂದು ಎಲ್ಲರನ್ನೂ ಬಿಟ್ಟು ಅತ್ತೆಯ ಬಲಗಣ್ಣಿಗೇ ಬೀಳಬೇಕೇ! ಕಣ್ಣು ಕೆಂಪಡರಿ ನೀರು ಸುರಿಯಿತು. ಮಾವ ತಮ್ಮ ರುಮಾಲಿನ ಚುಂಗನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ಅತ್ತೆಯ ಕಣ್ಣಿಗೆ ಒತ್ತುತ್ತ, ಡಬ್ಬಿಯಲ್ಲಿದ್ದ ಜನರೆಲ್ಲ ನೋಡುತ್ತಿರುವಂತೆಯೇ, ವಾಡಿ ಸ್ಟೇಶನ್ನು ದಾಟಿ ಬಹಳ ದೂರದವರೆಗೆ ಕುಳಿತಿದ್ದರು.

ಆ ವಾರದ ಹೈದರಾಬಾದನ್ನು ನಿಮಗೆ ವರ್ಣಿಸಲಾರೆ, ಯಾಕೆಂದರೆ ನಾನು ನೋಡಿದ್ದು ಕಡಿಮೆ. ಮುಂದೆ ಅತ್ತೆಯ ಕೈಹಿಡಿದು ಮಾವ, "ಇಲ್ಲಿ ಪಾವಟಿಗಿ ಐತಿ, ಇಲ್ಲಿ ತೆಗ್ಗು ಐತಿ" ಎಂದು ಒಂದೊಂದು ಮೆಟ್ಟಿಲನ್ನೂ ತಗ್ಗನ್ನೂ ಹೇಳುತ್ತ, ನೆಲ ಬಿಟ್ಟು ಕಣ್ಣೆತ್ತದೆ ನಡೆಯುತ್ತಿದ್ದರು, ಹಿಂದೆ ನಾವಿಬ್ಬರು. ಅವರು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಕಳೆದುಹೋಯಿತೆಂದು ನಾನು ಅತ್ತಿದ್ದ ಏಕಾಂತ ಇಡಿಯಾಗಿ, ಹಗಲು ಬೆಳಕಿನಲ್ಲಿ, ಚಾರ್ಮಿನಾರಿನ ಸುತ್ತು ಮೆಟ್ಟಿಲುಗಳ ಮೇಲೆ ನನಗೆ ದೊರೆಯಿತು. ಗೋಲ್ಕೊಂಡದಲ್ಲಿ, ಕೆಳಗಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳಿಸುತ್ತದೆಂದು ತಿಳಿದದ್ದೇ ತಡ, ಅತ್ತೆಯನ್ನು ಮೇಲೆ ಕೂರಿಸಿ ಮಾವ ಅಷ್ಟೂ ಮೆಟ್ಟಿಲು ಇಳಿದುಹೋದರು. ಕಣ್ಣಿಗಲ್ಲದಿದ್ದರೆ ಕಿವಿಗಾದರೂ ಕೋಟೆ ಸಿಗಲಿ ಎಂದು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಚಪ್ಪಾಳೆ ಕೇಳಿಬಂತು; ನಿಂತಿತು; ಮತ್ತೆ ಕೇಳಿಬಂತು. ಅತ್ತೆ ಕಲ್ಲಿನ ಮೇಲೆ ಕುಳಿತು, ದೂರದಲ್ಲಿ ಬಿಳಿಯ ಚುಕ್ಕೆಯಾಗಿ ಕಾಣುತ್ತಿದ್ದ ರುಮಾಲನ್ನು ನೋಡುತ್ತ, ಸಣ್ಣ ಹುಡುಗಿಯ ಹಾಗೆ ನಕ್ಕು, ತಾವೂ ಚಪ್ಪಾಳೆ ತಟ್ಟಿದರು.

ಕೊನೆಯ ದಿನ ದವಾಖಾನೆ. ಓದಲು ಬಾರದವರಿಗೆಂದು ಗೋಡೆಯ ಮೇಲೆ ಬಾಯಿ ತೆರೆದ ಗುರುತುಗಳ ಹಾಳೆಯೊಂದಿತ್ತು. ಬಾಯಿ ಯಾವ ಕಡೆಗಿದೆಯೆಂದು ಬೆರಳು ತೋರಿಸಿದರಾಯಿತು. ಅತ್ತೆ ದೊಡ್ಡ ಗುರುತಿಗೆ ತಡವರಿಸಿದರು. ಆದರೆ ಆಟದ ಹುರುಪು ಏರಿತೋ ಏನೋ, ಆಮೇಲೆ ಪಟಪಟನೆ ಎಡ ಬಲ ಮೇಲೆ ಕೆಳಗೆ ಎನ್ನುತ್ತ ಕಟ್ಟಕಡೆಯ ಸಾಲಿಗೆ ಇಳಿದು, "ಅಲ್ಲೇ ಬುಡಕ್ಕ ಒಂದು ಇರಿವಿ ಹೊಂಟೈತಿ ನೋಡ್ರಿ" ಎಂದುಬಿಟ್ಟರು.

ಡಾಕ್ಟರು ಎದ್ದುಹೋಗಿ ನೋಡಿದರು. ಇರುವೆ ಇತ್ತು. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಮ್ಮವರು ತಲೆತಗ್ಗಿಸಿ ಕನ್ನಡಕ್ಕೆ ತಂದರು: ಈ ತಾಯಿಯ ಕಣ್ಣಿಗೆ ಏನೂ ಆಗಿಲ್ಲ. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

"ಹಂಗಾರ ಹ್ವಾದ ಬೆಳಕು ಹೆಂಗ ಬಂತ್ರೀ?" ಎಂದರು ಮಾವ.

"ಈ ವಾರ ಏನು ಔಷಧ ಕೊಟ್ಟಿರಿ?" ಎಂದು ಡಾಕ್ಟರು ನಮ್ಮವರಿಂದ ಕೇಳಿಸಿದರು.

"ಏನೂ ಕೊಟ್ಟಿಲ್ರಿ. ಊರು ತೋರಸೀನಿ."

ಡಾಕ್ಟರು ಅತ್ತೆಯನ್ನು ನೋಡಿದರು, ನಮ್ಮನ್ನು ನೋಡಿದರು, ಮೀಸೆಯಡಿಯಲ್ಲಿ ನಕ್ಕರು. ಅದೇ ಔಷಧ, ವರ್ಷಕ್ಕೊಮ್ಮೆ ತಪ್ಪದೆ ಕೊಡಿ ಎಂದರು. ಮಾವ ದವಾಖಾನೆಯ ಕಾವಲುಗಾರನಿಗೂ ಪೇಡೆ ಹಂಚಿದರು. ಮುಂದೆ ಬಹಳ ಕಾಲ ಮಸ್ಕಿಯಲ್ಲಿ ಯಾರ ಕಣ್ಣು ಮಂಜಾದರೂ ಅಮರಪ್ಪನವರು ತಕ್ಕಡಿ ಕೆಳಗಿಟ್ಟು ಹೈದರಾಬಾದನ್ನೇ ಬರೆದುಕೊಡುತ್ತಿದ್ದರು.

ಆದರೆ ಅದು ಆಮೇಲಿನ ಮಾತು. ಮರಳಿ ಬರುವಾಗ ರೈಲಿನಲ್ಲಿ ಮಾವ ಕಿಟಕಿಯ ಬಳಿ ಒಬ್ಬರೇ ಕುಳಿತು ಸುಖವಾಗಿ ನಿದ್ದೆ ಮಾಡಿದರು. ಹೆಂಡತಿಯ ಕಣ್ಣು ನೆಟ್ಟಗಾಗಿತ್ತು. ಇನ್ನು ಕೈಹಿಡಿಯುವ ಕೆಲಸವಿರಲಿಲ್ಲ. ಅತ್ತೆ ತಮ್ಮ ಹೊಸ ಬಳೆಗಳನ್ನು ಸುಮ್ಮನೆ ತಿರುಗಿಸುತ್ತ ಹೊರಗೆ ನೋಡುತ್ತಿದ್ದರು. ಮಸ್ಕಿಯಲ್ಲಿ ಬಸ್ಸು ನಿಂತಾಗ ಸಂತೆಯ ದಿನದ ಜನವೆಲ್ಲ ಅಲ್ಲಿಯೇ ಇತ್ತು. ಮಾವ ಮೊದಲು ಇಳಿದು, ಹಳೆಯ ನಡಿಗೆಯಲ್ಲಿ, ಹಿಂದೆ ನೋಡದೆ ಅಂಗಡಿಯ ಕಡೆಗೆ ಹೊರಟರು. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಹಿಂದೆ ನಾನು, ನನ್ನ ಹಿಂದೆ ಬಸ್ಸಿನ ಮಂದಿಯೆಲ್ಲ.

"ಇಲ್ಲಿ ನೋಡ್ರಿ," ಎಂದು ಕೂಗಿದರು ಅತ್ತೆ. "ದೂರದ್ದೆಲ್ಲಾ ಛಂದ ಕಾಣಾಕತ್ತೈತಿ. ಕಾಲ ಬುಡದ್ದಷ್ಟು ಇನ್ನೂ ಒಂಚೂರು ಮಬ್ಬ ಐತ್ರಿ."

ಮಾವ ನಿಂತರು. ಬಜಾರವನ್ನೊಮ್ಮೆ ನೋಡಿದರು, ಜನವನ್ನೊಮ್ಮೆ ನೋಡಿದರು. ಆಮೇಲೆ ಅಷ್ಟು ದೂರವನ್ನೂ ಮರಳಿ ನಡೆದುಬಂದು, ಕೈ ಚಾಚಿದರು.