ಮುಖದ ಕೆಳಗೆ ಹೆಬ್ಬೆಟ್ಟು

ಇಪ್ಪತ್ತಾರು ವರ್ಷದ ನನ್ನ ಕಲಾಸೇವೆಯಲ್ಲಿ (ಸೇವೆ ಅಂದದ್ದಕ್ಕೆ ಕ್ಷಮಿಸಿ, ಬೇರೆ ಪದ ಹೊಳೆಯಲಿಲ್ಲ) ನನ್ನ ಚಿತ್ರವೊಂದನ್ನು ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಕಾಲು ಗಂಟೆ ನೋಡಿದ ಮೊಟ್ಟಮೊದಲ ರಸಿಕರು ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್.

ಕಳೆದ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಠಾಣೆಯಲ್ಲಿ. ನೋಡಿ ಮುಗಿಸಿ ಅವರು ಮಲಯಾಳದಲ್ಲಿ ಹೇಳಿದ್ದು ಒಂದೇ ಮಾತು. "ಜೀವ ಇದೆ ಮಾಷೇ ಈ ಚಿತ್ರಕ್ಕೆ." (ಮಾಷ್ ಎಂದರೆ ಮೇಷ್ಟ್ರು. ನಮ್ಮ ವಯನಾಡಿನಲ್ಲಿ ಬ್ರಷ್ ಹಿಡಿದವನೂ ಮೇಷ್ಟ್ರೇ.)

ಇಂಥ ಮೆಚ್ಚುಗೆಗಾಗಿ ಕಲಾವಿದರು ಜೀವಮಾನವೆಲ್ಲ ಕಾಯುತ್ತಾರೆ. ನಾನು ಮಾತ್ರ ಮುಂದಿದ್ದ ಚಹಾವನ್ನು ಪಕ್ಕಕ್ಕೆ ಸರಿಸಿದೆ.

ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ನಂಜನಗೂಡಿನ ಓದುಗಿ ಒಬ್ಬಳ ಪತ್ರಕ್ಕೆ ಉತ್ತರ ಬರೆದದ್ದು ನಿಮಗೆ ನೆನಪಿರಬಹುದು. ಕಲೆಯನ್ನೇ ಕಸುಬು ಮಾಡಿಕೊಂಡವರು ಹೇಗೆ ಬದುಕಬೇಕು ಎಂದು ಆಕೆ ಕೇಳಿದ್ದಳು. ಕೇಳಿದ್ದೇ ತಡ, ನಾನು ಪೀಠ ಹತ್ತಿ ಕೂತೆ. ಕುತೂಹಲವೇ ಕಲಾವಿದನ ಧರ್ಮ ಎಂದೆ. ದಿನಕ್ಕೊಂದು ಹೊಸ ಮುಖ ಬರೆ, ಬರೆದ ಮುಖದ ಹೆಸರು ಕೇಳು, ಹೆಸರು ಬರೆಯದೆ ಮನೆಗೆ ಬರಬೇಡ ಎಂದೆ. ನಿಮ್ಮಲ್ಲಿ ನಾಲ್ಕು ಜನ ಕಾರ್ಡು ಬರೆದು ಹೊಗಳಿದಿರಿ. ಆ ಉಪದೇಶವನ್ನು ಈ ವಾರ ವಾಪಸ್ ಪಡೆಯುತ್ತಿದ್ದೇನೆ. ಕಾರಣ ಹೇಳುವುದು ಕರ್ತವ್ಯ.

ಹೊಸ ಓದುಗರಿಗೆ ಒಂದು ಮಾತು. ನಾನು ನೂಲ್ಪುಳದಲ್ಲಿ ಬೋರ್ಡು ಬರೆಯುವವನು. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಬಂದವರು. ನಾನು ಮೂರು ಭಾಷೆಯಲ್ಲಿ ಅಕ್ಷರ ಬರೆಯುತ್ತೇನೆ, ಒಂದರಲ್ಲೂ ಶ್ರೀಮಂತನಾಗಲಿಲ್ಲ. ಕಾಡಂಚಿನ 'ಪ್ರವೇಶವಿಲ್ಲ' ಬೋರ್ಡು ನನ್ನದೇ. ಆ ಬೋರ್ಡು ದಾಟಿ ಒಳಗೆ ಗುಡಿಸಲು ಹಾಕಿದವರ 'ಭೂಮಿ ನಮ್ಮದು' ಬ್ಯಾನರೂ ನನ್ನದೇ. ಎರಡಕ್ಕೂ ಒಂದೇ ಡಬ್ಬದ ಕೆಂಪು ಬಣ್ಣ. ಇದು ತತ್ವವಲ್ಲ, ಕಸುಬು.

ತತ್ವ ಇದ್ದದ್ದು ಕಸುಬು ಮುಗಿದ ಮೇಲೆ. ಸಂಜೆ ಹೊತ್ತು ಇದ್ದಿಲ ಕಡ್ಡಿ ಹಿಡಿದು ಆದಿವಾಸಿಗಳ ಹಾಡಿಗಳಿಗೆ ಹೋಗಿ ಮುಖ ಬರೆಯುತ್ತಿದ್ದೆ. ಪೇಟೆಯ ಅಂಗಡಿಗಳಲ್ಲಿ ತೂಗುವ ಕ್ಯಾಲೆಂಡರುಗಳನ್ನು ನೀವು ನೋಡಿರುತ್ತೀರಿ. ಸುಕ್ಕುಗಟ್ಟಿದ ಒಂದು ಮುಖ, ಅದರ ಕೆಳಗೆ 'ಆದಿವಾಸಿ ಮಹಿಳೆ' ಎಂಬ ಶೀರ್ಷಿಕೆ. ಅದೇ ಕ್ಯಾಲೆಂಡರಿನ ಮುಂದಿನ ತಿಂಗಳಲ್ಲಿ ಆನೆ. ಆನೆಗಾದರೂ ಕೆಲವೊಮ್ಮೆ ಹೆಸರಿರುತ್ತದೆ. ಇದು ನನಗೆ ಸಹಿಸಲಾಗದ ವಿಷಯವಾಗಿತ್ತು. ಹಾಗಾಗಿ ನಾನೊಂದು ವಿಧಿ ಮಾಡಿಕೊಂಡೆ. ಮುಖ ಮುಗಿದ ಕೂಡಲೇ ಕೆಳಗೆ ಹೆಸರು, ಹಾಡಿ. ಆಮೇಲೆ ಹಾಳೆಯನ್ನು ಅವರ ಕೈಗೇ ಕೊಟ್ಟು, "ಇದು ನೀವೇ ತಾನೆ?" ಎಂದು ಕೇಳುವುದು. ಹೌದು ಅಂದರೆ ಇದ್ದಿಲ ಪುಡಿಯಲ್ಲಿ ಹೆಬ್ಬೆರಳು ಅದ್ದಿ ಅವರೇ ಒತ್ತಬೇಕು. ಅಲ್ಲ ಅಂದರೆ ನಾನು ಹಾಳೆ ಹರಿಯಬೇಕು.

ಎಷ್ಟು ಘನವಾದ ವಿಧಿ ನೋಡಿ. ಅದೂ ಸಾಲದೆ, ಇದ್ದಿಲು ಅಳಿಸಿ ಹೋಗದ ಹಾಗೆ ಮೇಲೆ ಫಿಕ್ಸೆಟಿವ್ ಸ್ಪ್ರೇ ಹೊಡೆಯುತ್ತಿದ್ದೆ. ನೂರು ವರ್ಷ ಇರಲಿ ಅಂತ.

ಗುಡಿಸಲುಗಳು ಎದ್ದ ವರ್ಷ ಅಲ್ಲಿ ನನಗೆ ಸಿಕ್ಕ ಮುಖ ಬೊಮ್ಮಿಯದು. ಜೇನು ಬಿಡಿಸುವ ಮನೆತನದವಳು, ಐವತ್ತರ ಹತ್ತಿರ. ಕಾಡಿನ ಒಂದು ತುಂಡು ತಮ್ಮ ಅಜ್ಜಂದಿರದು, ಅದನ್ನು ಬರೆದು ಕೊಡಿ ಎಂದು ಕೂತವರಿಗೆಲ್ಲ ಗಂಜಿ ಕಾಯಿಸುವುದು ಅವಳ ಪಾಲಿಗೆ ಬಂದಿತ್ತು. ಗಂಜಿ ಕಾಯಿಸುವವರೇ ಎಲ್ಲ ಕಡೆಯೂ ನಾಯಕರಾಗುವುದಲ್ಲವೆ? ಯಾರು ಕಾವಲು, ಯಾರು ಸೌದೆ, ಯಾರು ಮಾತಾಡಬಾರದು, ಎಲ್ಲ ಅವಳೇ ಹೇಳುತ್ತಿದ್ದಳು.

ಅವಳ ಎಡಕಿವಿಯ ಹಾಲೆ ಹರಿದು ಎರಡಾಗಿತ್ತು. ಯಾವುದೋ ಕಾಲದಲ್ಲಿ ಓಲೆಯನ್ನು ಯಾರೋ ಎಳೆದದ್ದಂತೆ. ನಾನು ಮರ್ಯಾದೆಗೆ ಅದನ್ನು ಕೂಡಿಸಿ ಬರೆದೆ. ಹಾಳೆ ನೋಡಿದವಳು ಹೆಬ್ಬೆಟ್ಟು ಒತ್ತಲಿಲ್ಲ.

"ಇದ್ಯಾರು ಪಟದಣ್ಣ?" ಎಂದಳು.

"ನೀನೇ ಬೊಮ್ಮಿ."

"ನನ್ನ ಕಿವಿ ಹರ್ದದ ಕನಣ್ಣ. ನೀನು ಹೊಲ್ದು ಬುಟ್ಟಿದ್ದೀಯ. ಟೈಲರಾ ನೀನು?"

ಸುತ್ತ ಕೂತವರೆಲ್ಲ ನಕ್ಕರು. ನಾನು ಕಿವಿ ಅಳಿಸಿ ಮತ್ತೆ ಬರೆದೆ. ಅವಳು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. "ಆ ತುದಿ ಇನ್ನೊಸಿ ಕೆಳಗೆ ಬರ್ಬೇಕು" ಎಂದಳು. ಬಂತು. ಆಮೇಲೆ ಹೆಬ್ಬೆರಳು ಒತ್ತಿದಳು. ಬಿದಿರು ಸೀಳುವ ಕತ್ತಿ ತಾಗಿ ಆ ಬೆರಳಿಗೆ ಅಡ್ಡಲಾಗಿ ಒಂದು ಗಾಯದ ಗೆರೆ ಇತ್ತು. ಅದೂ ಹಾಳೆಯ ಮೇಲೆ ಚೆನ್ನಾಗಿ ಮೂಡಿತು. ನನ್ನ ಅತ್ಯುತ್ತಮ ಕೃತಿ ಅದೇ. ಈಗಲೂ ಅದೇ.

ಮುಂದಿನದನ್ನು ನೀವು ಪೇಪರಿನಲ್ಲಿ ಓದಿದ್ದೀರಿ. ಒಂದು ಬೆಳಿಗ್ಗೆ ಪೊಲೀಸರು ಬಂದು ಗುಡಿಸಲು ಕಿತ್ತರು, ಬೆಂಕಿ ಬಿತ್ತು, ಲಾಠಿ ಬಿತ್ತು, ಜನ ಕಾಡಿಗೆ ಚೆದುರಿದರು. ಸಿಕ್ಕವರ ಮೇಲೆ ಕೇಸು. ಸಿಗದವರ ಮೇಲೆ ಇನ್ನೂ ದೊಡ್ಡ ಕೇಸು. ಗುಡಿಸಲಿಗೆ ಬರುತ್ತಿದ್ದ ನಕ್ಸಲರಿಗೆ ಬೊಮ್ಮಿ ಅನ್ನ ಹಾಕಿದಳು ಎಂಬುದು ಅವಳ ಮೇಲಿನ ಆರೋಪ. ಹಾಕಿದ್ದಳೋ ಇಲ್ಲವೋ ನನಗೆ ತಿಳಿಯದು. ಅವಳ ಗಂಜಿಯ ಸಾಲಿನಲ್ಲಿ ನಾನೂ ಕೂತಿದ್ದೇನೆ. ನೀನು ಯಾವ ಪಕ್ಷ ಎಂದು ಅವಳು ಕೇಳಿದ್ದಿಲ್ಲ.

ಅವಳು ತಪ್ಪಿಸಿಕೊಂಡಳು. ಪೊಲೀಸರಿಗೆ ದೊಡ್ಡ ತೊಂದರೆ ಏನೆಂದರೆ, ಅವಳ ಒಂದೇ ಒಂದು ಫೋಟೋ ಇರಲಿಲ್ಲ. ಜನ್ಮದಲ್ಲಿ ಅವಳು ಕ್ಯಾಮೆರಾ ಎದುರು ನಿಂತವಳಲ್ಲ. ಆ ಹೆಸರಿನವರು ಪ್ರತಿ ಹಾಡಿಯಲ್ಲೂ ಇಬ್ಬರಿದ್ದರು. ಮೂರು ತಿಂಗಳು ಹುಡುಕಿ ಅವರು ಸುಮ್ಮನಾದರು.

ಆಗ ನಾನು, ಕುತೂಹಲದ ಪೀಠಾಧಿಪತಿ, ಏನು ಮಾಡಿದೆ ಗೊತ್ತೆ?

ಪ್ರದರ್ಶನ ಏರ್ಪಡಿಸಿದೆ.

ಉದ್ದೇಶ ಬಹಳ ಒಳ್ಳೆಯದು. ಪೇಪರುಗಳು 'ಅತಿಕ್ರಮಣಕಾರರು' ಎಂದು ಬರೆಯುತ್ತಿದ್ದವು. ಇವರಿಗೆ ಮುಖವಿದೆ, ಹೆಸರಿದೆ ಎಂದು ಊರಿಗೆ ತೋರಿಸಬೇಕೆಂದು ನನಗನ್ನಿಸಿತು. ನಮ್ಮೂರಿನ ವಾಚನಾಲಯದಲ್ಲಿ ನಲವತ್ತು ಹಾಳೆ ತೂಗುಹಾಕಿದೆ. ವಾಚನಾಲಯದ ಕಾರ್ಯದರ್ಶಿ ರಾಘವನ್ ಮಾಷ್ ನಿವೃತ್ತ ಶಿಕ್ಷಕರು, ಅನುಮಾನದ ಮನುಷ್ಯ. ಅವರು ಒಂದೊಂದೇ ಹಾಳೆ ನೋಡುತ್ತಾ ಬಂದು ನನ್ನ ಪಕ್ಕ ನಿಂತರು.

"ಕೆಳಗಡೆ ಒಂದು ಕಾಗದದ ಪಟ್ಟಿ ಅಂಟಿಸಿಬಿಡೋಣವಾ?" ಎಂದರು.

"ಯಾಕೆ?"

"ಹೆಸರು ಕಾಣೋದು ಬೇಡ ಅಂತ. ಕಾಲ ಸರಿಯಿಲ್ಲ."

ನಾನು ಗಂಭೀರನಾದೆ. "ಮಾಷೇ, ಹೆಸರಿಲ್ಲದ ಮುಖ ಅಂದರೆ ಅವಮಾನ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಶೆರಿ. ನಿಮಗೇನೂ ಆಗೋದಿಲ್ಲವಲ್ಲ, ನೀವು ಹೇಳಬಹುದು" ಎಂದರು. ಅದನ್ನು ನಾನು ಹೊಟ್ಟೆಕಿಚ್ಚು ಎಂದುಕೊಂಡೆ. (ಅವರೂ ಹಿಂದೆ ಸ್ವಲ್ಪ ಜಲವರ್ಣ ಮಾಡಿದ್ದವರು.)

ನಲವತ್ತು ಮುಖಗಳ ಪ್ರದರ್ಶನಕ್ಕೆ ಹನ್ನೆರಡು ಜನ ಬಂದರು. ಅವರಲ್ಲಿ ಬಿಳಿ ಶರ್ಟಿನ ಒಬ್ಬ ಸಜ್ಜನರು ಬಹಳ ಹೊತ್ತು ಇದ್ದರು. ಪ್ರಶ್ನೆ ಕೇಳಿದರು, ವಿಧಿಯ ಬಗ್ಗೆ ಆಸಕ್ತಿ ತೋರಿದರು. ಹೆಬ್ಬೆಟ್ಟು ಅವರವರದೇನಾ ಎಂದರು. ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. ಹೋಗುವಾಗ ಅವರು ಅಭಿಪ್ರಾಯದ ಪುಸ್ತಕದಲ್ಲಿ 'ತುಂಬಾ ಉಪಯುಕ್ತ' ಎಂದು ಬರೆದು ಹೋದರು. ಉಪಯುಕ್ತ! ಕಲೆಗೆ ಯಾರಾದರೂ ಆ ಪದ ಬಳಸುತ್ತಾರೆಯೆ? ಅಷ್ಟಾದರೂ ನನಗೆ ಹೊಳೆಯಬಾರದಿತ್ತೆ?

ಮರುದಿನ ಜೀಪು ಬಂತು. ನಲವತ್ತೂ ಹಾಳೆ ಠಾಣೆಗೆ ಹೋದವು. ವಾರದೊಳಗೆ ಬೊಮ್ಮಿಯ ಮುಖದ ಝೆರಾಕ್ಸು ಎಸ್ಟೇಟುಗಳನ್ನೆಲ್ಲ ಸುತ್ತಿತು. ವೆಳ್ಳಮುಂಡ ಕಡೆಯ ಒಂದು ಕಾಫಿ ತೋಟದ ಮೇಸ್ತ್ರಿ ಅದನ್ನು ನೋಡಿ, ಈ ಕಿವಿ ನಮ್ಮ ಲೀಲಾಳದು ಅಂದನಂತೆ. ಅಲ್ಲಿ ಅವಳು ಲೀಲಾ. ಕಾಫಿ ಕೊಯ್ಯುತ್ತಾ, ತಲೆಯ ಬಟ್ಟೆಯನ್ನು ಕಿವಿಯ ಮೇಲೆ ಎಳೆದುಕೊಂಡು, ನೂರು ಹೆಂಗಸರ ನಡುವೆ ಯಾರೂ ಅಲ್ಲದವಳಾಗಿ ಇದ್ದಳು.

ಈಗ ಮಂಗಳವಾರಕ್ಕೆ ಬರೋಣ.

ಇನ್ಸ್‌ಪೆಕ್ಟರ್ ನನಗೆ ಚಹಾ ತರಿಸಿದರು. ಬೊಮ್ಮಿಯನ್ನು ತಂದು ಮೇಜಿನ ಆ ಕಡೆ ನಿಲ್ಲಿಸಿದರು. ತಲೆಯ ಬಟ್ಟೆ ಇರಲಿಲ್ಲ. ಮೇಜಿನ ಮೇಲೆ ನನ್ನ ಹಾಳೆ.

"ಇದು ನೀನೇ ಅಲ್ವಾ?" ಎಂದು ಅವಳನ್ನು ಕೇಳಿದರು.

ನಾನು ಕೇಳುತ್ತಿದ್ದ ಅದೇ ಪ್ರಶ್ನೆ. ಅವಳು ಹಾಳೆಯನ್ನು ಸಾವಕಾಶವಾಗಿ ನೋಡಿದಳು. "ನಾನು ಲೀಲಾ. ಇವಳ್ಯಾರೋ ಗೊತ್ತಿಲ್ಲ" ಎಂದಳು.

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಮಾಷೇ, ನೀವು ಹೇಳಿ."

ಓದುಗರೇ, ಕಲಾವಿದನೆಂಬ ಪ್ರಾಣಿಯ ಗತಿ ನೋಡಿ. ಕೃತಿ ಚೆನ್ನಾಗಿದೆ ಎಂದರೆ ಎದುರಿಗಿರುವ ಹೆಂಗಸು ಜೈಲಿಗೆ. ಕೆಟ್ಟದಾಗಿದೆ ಎಂದರೆ ಒಂದು ಆಸೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಾನು ನನ್ನ ಕೈಯನ್ನು ನಾನೇ ಬೈದೆ.

"ಇವರಲ್ಲ ಸರ್. ನಾನು ಬೋರ್ಡು ಬರೆಯುವವನು, ಮುಖ ನನಗೆ ಬರುವುದಿಲ್ಲ. ಎಲ್ಲರಿಗೂ ಒಂದೇ ಮೂಗು ಹಾಕುತ್ತೇನೆ."

"ಕಿವಿ?"

"ಅದು ಇದ್ದಿಲು ಜಾರಿದ್ದು."

ಇನ್ಸ್‌ಪೆಕ್ಟರ್ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಶಾಯಿ ಪ್ಯಾಡು ತರಿಸಿದರು. ಬೊಮ್ಮಿಯ ಹೆಬ್ಬೆರಳು ಬಿಳಿ ಕಾಗದದ ಮೇಲೆ ಬಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಅದು ಬೇಕಿರಲೇ ಇಲ್ಲ. ಅಡ್ಡ ಗಾಯದ ಗೆರೆ ಬರಿಗಣ್ಣಿಗೇ ಕಾಣುತ್ತಿತ್ತು. ಆದರೂ ಕಾಲು ಗಂಟೆ ನೋಡಿದರು. ನೋಡಿ, ಜೀವ ಇದೆ ಎಂಬ ಆ ಮಾತನ್ನು ಹೇಳಿದರು. ಮುಖ, ಹೆಸರು, ಹಾಡಿ, ಬೆರಳು, ಎಲ್ಲ ಒಂದೇ ಹಾಳೆಯಲ್ಲಿ, ಮೇಲೆ ನೂರು ವರ್ಷ ಬಾಳುವ ಲೇಪ. ಸರ್ಕಾರ ಕೊಡುವ ಗುರುತಿನ ಚೀಟಿಯಲ್ಲೂ ಇಷ್ಟು ಶಿಸ್ತಿಲ್ಲ.

ಅವಳನ್ನು ಜೀಪಿಗೆ ಹತ್ತಿಸುವಾಗ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಏನು ಹೇಳಬೇಕು? ತಪ್ಪಾಯ್ತು ಎಂದೆ. ಕೇಳಿಸುವಷ್ಟು ಜೋರಾಗಿ ಹೇಳಿದೆನೋ ಇಲ್ಲವೋ.

ಬೊಮ್ಮಿ ತಿರುಗಿ ನೋಡಿದಳು. "ಮುಖ ಬರೆಯಾಕ ಬರಲ್ಲ ಅಂದ್ಯಲ್ಲ ಪಟದಣ್ಣ, ಅದೊಂದು ಸುಳ್ಳ ಯಾಕ ಹೇಳ್ದೆ? ಬೇರೇದು ಹೇಳ್ಬೋದಾಗಿತ್ತು" ಎಂದಳು. ಆಮೇಲೆ, "ನಮ್ಮ ಚಿಕ್ಕಿ ಮುಖಾನೂ ಬರ್ದಿದ್ದೀಯ. ಅವಳು ಇನ್ನೂ ಹೊರಗವ್ಳೆ" ಎಂದಳು.

ಚಿಕ್ಕಿ ಅವಳ ತಂಗಿ. ಜೀಪು ಹೋಯಿತು.

ಚಿಕ್ಕಿಯ ಹಾಳೆ ಆ ನಲವತ್ತರಲ್ಲಿ ಇರಲಿಲ್ಲ, ಮನೆಯಲ್ಲಿದ್ದ ಚಿತ್ರದ ಪುಸ್ತಕದಲ್ಲಿತ್ತು. ನಾನು ಹೊರಡುವಾಗ ಇನ್ಸ್‌ಪೆಕ್ಟರ್ ಬಾಗಿಲವರೆಗೆ ಬಂದರು. "ಮನೆಯಲ್ಲಿ ಇನ್ನೂ ನಾಲ್ಕು ಪುಸ್ತಕ ಇದೆಯಂತಲ್ಲ. ಶುಕ್ರವಾರ ತಂದುಕೊಡಿ. ನಾವೇ ಬಂದರೆ ನಿಮ್ಮ ಮನೆಯವರು ಗಾಬರಿಯಾಗುತ್ತಾರೆ" ಎಂದರು. (ಪುಸ್ತಕಗಳ ಲೆಕ್ಕ ಬಿಳಿ ಶರ್ಟಿನವರಿಗೆ ಕೊಟ್ಟದ್ದೂ ನಾನೇ.) ಸುಟ್ಟುಹಾಕೋಣವೆಂದರೆ ಸಾಕ್ಷ್ಯನಾಶದ ಕೇಸು ಎಂದು ರಾಘವನ್ ಮಾಷ್ ಎಚ್ಚರಿಸಿದರು. ಅವರ ಮಾತನ್ನು ಈ ಸಲ ಕೇಳಿದೆ.

ಬುಧವಾರ, ಗುರುವಾರ ನಾನೂ ನನ್ನ ಹೆಂಡತಿ ರಾಜಮ್ಮನೂ ಜಗಲಿಯ ಮೇಲೆ ಕೂತು ಬ್ಲೇಡು ಹಿಡಿದೆವು. ಫಿಕ್ಸೆಟಿವ್ ಹೊಡೆದ ಇದ್ದಿಲು ರಬ್ಬರಿಗೆ ಬಗ್ಗುವುದಿಲ್ಲ. ಕೆರೆಯಬೇಕು. ಹೆಬ್ಬೆಟ್ಟು ಮೊದಲು, ಹಾಡಿಯ ಹೆಸರು ಆಮೇಲೆ, ಮನುಷ್ಯರ ಹೆಸರು ಕೊನೆಗೆ. ಜೋರಾಗಿ ಕೆರೆದರೆ ಕಾಗದ ತೂತಾಗುತ್ತದೆ. ಚಿಕ್ಕಿಯದು ತೂತಾಯಿತು. ಆಗಲಿ ಎಂದು ಕಣ್ಣನ್ನೂ ಮೂಗನ್ನೂ ಕೆರೆದೆ. ಹೆಸರು ಹೋದ ಒಂದೊಂದು ಮುಖವೂ ಕ್ಯಾಲೆಂಡರಿನ 'ಆದಿವಾಸಿ ಮಹಿಳೆ' ಆಗುತ್ತಾ ಹೋಯಿತು. ಅದನ್ನು ಮಾಡುತ್ತಿದ್ದದ್ದು ನನ್ನದೇ ಕೈ. ರಾಜಮ್ಮ ಒಂದೇ ಒಂದು ಸಲ ನನ್ನ ಬ್ಲೇಡನ್ನು ಹಿಡಿದು ನಿಲ್ಲಿಸಿದಳು.

"ಇವರ್ದು ಬುಡಿ" ಎಂದಳು. "ಬೊಳ್ಳಜ್ಜ. ಹೋದ ವರ್ಷವೇ ತೀರ್ಕೊಂಡ್ಬುಟ್ರಲ್ಲ."

ಬಿಟ್ಟೆ.

ಶುಕ್ರವಾರ ಇನ್ಸ್‌ಪೆಕ್ಟರ್ ನಾಲ್ಕೂ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿದರು. ಮುಖದ ಕೆಳಗೆಲ್ಲ ಕೆರೆದ ಗುರುತು.

"ಹೆಸರುಗಳು ಎಲ್ಲಿ?"

"ಗೆದ್ದಲು ಸರ್."

"ಹೆಸರು ಮಾತ್ರ ತಿನ್ನುವ ಗೆದ್ದಲಾ?"

"ನಮ್ಮ ಕಡೆ ಹಾಗೆ ಸರ್."

"ನಿಮಗೆ ನೆನಪಿಲ್ಲವಾ?"

"ಬೋರ್ಡಿನ ಬಣ್ಣ ಸರ್, ತಲೆಗೆ ಹತ್ತುತ್ತದೆ. ಎಲ್ಲ ಮರೆತಿದೆ."

ಅವರು ನನ್ನ ಮುಖವನ್ನು ನೋಡಿದರು. ನಾನೂ ಅವರದನ್ನು ನೋಡಿದೆ, ಬರೆಯುವುದಕ್ಕಲ್ಲ. ಮತ್ತೆ ಹಾಳೆ ತಿರುವಿದರು. ಮೂರನೆಯ ಪುಸ್ತಕದಲ್ಲಿ ಬೆರಳು ನಿಂತಿತು. ಪೂರ್ತಿ ಹೆಸರು, ಹಾಡಿ, ಹೆಬ್ಬೆಟ್ಟು, ಎಲ್ಲ ಹಾಗೇ ಇದ್ದ ಒಂದು ಮುಖ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಇವನು ಈಗ ಎಲ್ಲಿ ಸಿಗುತ್ತಾನೆ?"

ಎಲ್ಲಿ ಅಂತ ಹೇಳಿದೆ. ಬೊಮ್ಮಿ ರಿಮಾಂಡಿನಲ್ಲಿದ್ದಾಳೆ, ಚಿಕ್ಕಿ ಯಾವ ಹೆಸರಿನಲ್ಲಿ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಂಜನಗೂಡಿನ ಓದುಗಿಗೆ ಇಷ್ಟೇ ಹೇಳಬಲ್ಲೆ. ನಮ್ಮ ಕಡೆ ಸದ್ಯಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಂಡು ನೆಮ್ಮದಿಯಾಗಿರಬೇಕೆಂದರೆ, ಮೊದಲು ಸತ್ತಿರಬೇಕು.