ಕುಡುಗೋಲಿನ ಅಂಚಿನ ನೇರಳೆ

ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಸುಟ್ಟ ಇದ್ದಿಲು, ತುಕ್ಕು, ಹಸಿ ಮಣ್ಣು ಮೂರೂ ಸೇರಿ ಗಂಟಲಿಗೆ ಅಂಟಿಕೊಳ್ಳುವಂಥದ್ದು. ಹೋದ ವರ್ಷ ಹಾವೇರಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿಯುತ್ತಿದ್ದ ಒಬ್ಬನ ಅಂಗಡಿಯ ಮುಂದೆ ಆ ವಾಸನೆ ಮೂಗಿಗೆ ಬಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನೆನಪು ಆಮೇಲೆ ಬಂತು. ನೀವೂ ಹೀಗೆ ಒಂದು ವಾಸನೆಯ ಬೆನ್ನು ಹತ್ತಿ ಈಗ ಇಲ್ಲದ ಮನೆಯೊಳಗೆ ಹೋಗಿ ಬಂದವರಾದರೆ, ಅಲ್ಲಿ ಸಿಗುವುದೆಲ್ಲ ನಿಜವಲ್ಲವೆಂದು ನಿಮಗೂ ಗೊತ್ತಿರುತ್ತದೆ. ಬ್ಯಾಡಗಿಯ ನಮ್ಮ ಮನೆಯ ಬಾಗಿಲು ಪೂರ್ವಕ್ಕಿತ್ತೆಂದು ಅಪ್ಪ ಹೇಳುತ್ತಾನೆ. ನನ್ನ ಕಣ್ಣ ಮುಂದೆ ಮಾತ್ರ ಸಂಜೆಯ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಇಂಥ ನೆನಪಿನ ಮೇಲೆ ನಾನು ಒಬ್ಬ ಮನುಷ್ಯನ ವಿಚಾರಣೆ ನಡೆಸಬೇಕಾಗಿದೆ.

ಮನೆಯ ಮುಂದಿನ ಅರ್ಧ ಅಜ್ಜನ ಕುಲುಮೆಯಿದ್ದ ಕಂಬಾರಸಾಲಿ. ಎರಡು ಸಾವಿರದ ನಂತರದ ಮೊದಲ ವರ್ಷಗಳು. ನಾನು ಆರನೆಯ ಇಯತ್ತೆಯೋ ಏಳನೆಯದೋ. ಅಜ್ಜ ಮೌನೇಶಪ್ಪ ಕುಡುಗೋಲು, ಕೊಡಲಿ, ಕುಂಟೆಯ ಅಲಗಾದ ಕುಡ ಬಡಿಯುತ್ತಿದ್ದ. ಕಿರಿಯ ಮಗ, ನನ್ನ ಕಾಕಾ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಹಾವೇರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಬಸ್ಸಿಗೆ ಹೋಗುವ ಮುನ್ನ ಒಂದು ತಾಸು ಸುತ್ತಿಗೆ ಹಿಡಿಯುತ್ತಿದ್ದ, ಹಿಡಿದಾಗಲೆಲ್ಲ ನನಗೆ ಪಾಠ ಹೇಳುತ್ತಿದ್ದ. ಸುತ್ತಿಗೆ ಎಷ್ಟು ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟು, ಎಸೆದ ಕಲ್ಲು ಎಲ್ಲಿ ಬೀಳುತ್ತದೆ, ಚಂದ್ರ ಯಾಕೆ ಬೀಳುವುದಿಲ್ಲ, ಎಲ್ಲವನ್ನೂ ಇಂಗ್ಲೆಂಡಿನ ಒಬ್ಬ ಪಂಡಿತ ಲೆಕ್ಕ ಹಾಕಿಟ್ಟಿದ್ದಾನೆ ಎನ್ನುತ್ತಿದ್ದ. ಸೇಬಿನ ಕಥೆ ಕೇಳಿದ ಮೇಲೆ ಅಜ್ಜ ಆ ಪಂಡಿತನಿಗೆ ‘ಹಣ್ಣಿನಾಂವ’ ಎಂದು ಹೆಸರಿಟ್ಟಿದ್ದ. ಒಂದು ದಿನ ಕೇಳಿದ: “ಕಬ್ಬಿಣ ಕಾಸಿದ್ರೂ ಕೆಂಪ, ಹಿತ್ತಾಳಿ ಕಾಸಿದ್ರೂ ಕೆಂಪ, ಇಟ್ಟಂಗಿ ಕಾಸಿದ್ರೂ ಕೆಂಪ. ಮೊದಲ ಕೆಂಪ ಆಗ್ರಿ ಅಂತ ಇವಕ್ಕೆಲ್ಲ ಹೇಳಿದಾಂವ ಯಾರು? ನಿಮ್ಮ ಹಣ್ಣಿನಾಂವನ್ನ ಕೇಳ್ಕೊಂಡ ಬಾ.”

ಕಾಕಾ ಸುತ್ತಿಗೆ ಕೆಳಗಿಟ್ಟ. “ಯಪ್ಪಾ, ಇದ ಪ್ರಶ್ನಿಗೆ ಹಣ್ಣಿನಾಂವನ ಕಡೆಯವರ ಮನಿ ಬಿತ್ತು ನೋಡು” ಅಂದ. ಹಳೆಯ ಲೆಕ್ಕದ ಪ್ರಕಾರ ಕಾದ ಕುಲುಮೆ ನೇರಳೆಯನ್ನೂ ಅದರಾಚೆಯ ಕಾಣದ ಬೆಳಕನ್ನೂ ಮಿತಿಯಿಲ್ಲದೆ ಸುರಿಯಬೇಕಿತ್ತಂತೆ. ಕುಲುಮೆ ಆ ಲೆಕ್ಕವನ್ನು ಕೇಳಲಿಲ್ಲ, ಕೆಂಪಗೆ ಕೂತಿತ್ತು. ಕೊನೆಗೆ ಜರ್ಮನಿಯ ಒಬ್ಬ ಪ್ರೊಫೆಸರ್ ಮನಸ್ಸಿಲ್ಲದ ಮನಸ್ಸಿನಿಂದ ಬರೆದ: ಶಕ್ತಿ ನೀರಿನಂತೆ ಹರಿಯುವುದಿಲ್ಲ, ಗಂಟು ಗಂಟಾಗಿ ಬರುತ್ತದೆ. “ನಮ್ಮ ಮೆಣಸಿನಕಾಯಿ ಪ್ಯಾಟಿ ಹಮಾಲರಂಗ ತಿಳಕೊ. ಕೆಂಪಂದ್ರ ಹಗರ ಚೀಲ, ನೇರಳೆ ಅಂದ್ರ ಭಾರ ಚೀಲ. ಅರ್ಧಾ ಚೀಲ ಹೊರೂದ ಇಲ್ಲ. ಬೆಂಕಿಗೆ ಕಸುವ ಕಡಿಮಿ ಇದ್ರ ಹಗರವನ್ನ ಎತ್ತತೈತಿ.” ಅಜ್ಜ ಬೀಡಿ ಹೊತ್ತಿಸಿಕೊಂಡು, “ಅಂದ್ರ ಬೆಂಕಿನೂ ಹಮಾಲಿ ಮಾಡತೈತಿ ಅನ್ನು. ಕೂಲಿ ಯಾರ ಕೊಡ್ತಾರ?” ಅಂದ. ನಾನು ಆಮೇಲೆ ಧಾರವಾಡದಲ್ಲಿ ಎರಡು ವರ್ಷ ಓದಿದ ಕ್ವಾಂಟಂ ಸಿದ್ಧಾಂತವನ್ನು ಅಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಲಿಲ್ಲ. ಅಥವಾ ಅಲ್ಲಿ ಕಲಿತದ್ದನ್ನೇ ಈಗ ಕಾಕಾನ ಬಾಯಿಗೆ ತುಂಬುತ್ತಿದ್ದೇನೋ.

ಕೆಂಪಗೆ ಕಾದ ಕುಡುಗೋಲನ್ನು ನೀರಿಗದ್ದಿದರೆ ಕೆಲಸ ಮುಗಿಯುವುದಿಲ್ಲ. ಅದು ಬಿರುಸಾಗಿರುತ್ತದೆ, ಬಡಿದರೆ ಗಾಜಿನಂತೆ ಒಡೆಯುತ್ತದೆ. ಅಜ್ಜ ಅದರ ಬಾಯನ್ನು, ಅಂದರೆ ಕೊಯ್ಯುವ ಅಂಚನ್ನು, ಇಟ್ಟಂಗಿ ಚೂರಿನಿಂದ ಉಜ್ಜಿ ಹೊಳಪು ಬರಿಸಿ, ಬೆನ್ನನ್ನು ಕೆಂಡದ ಮೇಲಿಟ್ಟು ಕಾಯುತ್ತಿದ್ದ. ಆಗ ಹೊಳೆಯುವ ಲೋಹದ ಮೇಲೆ ಬಣ್ಣಗಳು ಹರಿದು ಬರುತ್ತಿದ್ದವು: ಒಣಹುಲ್ಲಿನ ಹಳದಿ, ಬೆಲ್ಲದ ಕಂದು, ನೇರಳೆ ಹಣ್ಣಿನ ಬಣ್ಣ, ಕೊನೆಗೆ ನೀಲಿ. ನೇರಳೆ ಅಂಚಿಗೆ ಮುಟ್ಟಿದ ಗಳಿಗೆಯಲ್ಲಿ ಮತ್ತೆ ನೀರು ಕುಡಿಸಬೇಕು. ಹಳದಿಗೇ ಅದ್ದಿದರೆ ಬಾಯಿ ಚಕ್ಕೆ ಏಳುತ್ತದೆ, ನೀಲಿ ದಾಟಿದರೆ ಹುಲ್ಲಿಗೂ ಬಾಗುತ್ತದೆ. ಇದು ಬೆಂಕಿಯ ಬಣ್ಣವಲ್ಲ, ಕಬ್ಬಿಣದ ಮೇಲೆ ಕಟ್ಟುವ ತೆಳು ಪೊರೆಯಲ್ಲಿ ಬೆಳಕಿನ ತೆರೆಗಳು ಕೂಡಿ ಕಳೆದು ಆಗುವ ಬಣ್ಣ ಎಂದು ಕಾಕಾ ವಿವರಿಸುತ್ತಿದ್ದ. ಹಣ್ಣಿನಾಂವ ಬೆಳಕನ್ನು ಕಾಳೆಂದ, ಅವನ ಹಿಂದೆ ಬಂದವರು ತೆರೆಯೆಂದರು, ಜರ್ಮನಿಯವರು ತಿರುಗಿ ಗಂಟೆಂದರು. ಅಜ್ಜನಿಗೆ ರೇಗುತ್ತಿತ್ತು. “ಒಮ್ಮೆ ಕಾಳು, ಒಮ್ಮೆ ತೆರಿ, ಮತ್ತ ಕಾಳು. ನಾ ಹಂಗ ಮಾತ ತಿರಗಿಸಿದ್ರ ನನ್ನ ಕುಡಗೋಲ ಯಾರ ಒಯ್ತಾರಲೇ?”

ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಣೇಬೆನ್ನೂರಿನಲ್ಲಿ ನಡೆದ ಶಿಬಿರಕ್ಕೆ ಕಾಕಾ ಅವನನ್ನು ಒಪ್ಪಿಸಿ ಕರೆದೊಯ್ದು ಬಲಗಣ್ಣಿನ ಆಪರೇಶನ್ ಮಾಡಿಸಿದ. ಎಡಗಣ್ಣು ಮುಂದಿನ ವರ್ಷವೆಂದರು. ಪಟ್ಟಿ ಬಿಚ್ಚಿದ ದಿನ ಅಜ್ಜ ಅವ್ವನನ್ನು ನೋಡಿ, “ಯವ್ವಾ, ನಿನ್ನ ಸೀರಿ ನೀಲಿ ಐತೇನ? ಇಷ್ಟ ದಿನ ಹಸರ ಅಂದ್ಕೊಂಡಿದ್ದೆ” ಅಂದ. ಎಲ್ಲರೂ ನಕ್ಕೆವು. ಕಾಕಾನೂ ನಕ್ಕ. ಬೆಳಕಿನ ಚರಿತ್ರೆಯನ್ನೆಲ್ಲ ಬಾಯಿಪಾಠ ಮಾಡಿದ್ದ ಮನುಷ್ಯ, ತನ್ನ ಅಪ್ಪನ ಬಾಯಿಂದ ಬಿದ್ದ ಆ ಒಂದು ವಾಕ್ಯವನ್ನು ಕೇಳಿಸಿಕೊಂಡು ನಕ್ಕು, ಬಸ್ಸು ಹತ್ತಿ ಹೋದ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಸುಗ್ಗಿಯಲ್ಲಿ ಅಜ್ಜನ ಕುಡುಗೋಲುಗಳು ಬಾಯಿ ಚಕ್ಕೆ ಎದ್ದು ತಿರುಗಿ ಬರತೊಡಗಿದವು. ಅಪ್ಪ ಊಟಕ್ಕೆ ಕೂತಾಗಲೆಲ್ಲ, ವಯಸ್ಸಾಯಿತು, ಕೈ ನಡುಗುತ್ತದೆ, ಸಾಕು ಮಾಡು ಎಂದು ಶುರುಮಾಡಿದ. ಅವನಿಗೆ ಆ ಜಾಗದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕುವ ಆಸೆಯಿತ್ತು. ಒಂದು ಮಧ್ಯಾಹ್ನ ಕದರಮಂಡಲಗಿಯ ರೈತನೊಬ್ಬ ಎರಡು ಕುಡುಗೋಲು ತಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಒಗೆದ. “ಮೌನೇಶಪ್ಪಾರ, ಇವು ಹುಲ್ಲ ಕೊಯ್ಯೂವಲ್ರಿ, ಹುಲ್ಲ ಇವನ್ನ ಕೊಯ್ಯಾಕತ್ತೈತಿ. ಹೊಸಾ ಕಣ್ಣ ಬಂತು, ಹಳೇ ಕೈ ಹೋತೇನ್ರಿ?” ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅಜ್ಜ ಹೊಸದೊಂದನ್ನು ಕಾಸಿ, ಅದ್ದಿ, ಉಜ್ಜಿ, ಕೆಂಡದ ಮೇಲಿಟ್ಟು ನನ್ನನ್ನು ಕರೆದ. “ಲೇ ತಮ್ಮಾ, ನಿನ್ನ ಕಣ್ಣ ಎಳೇವು. ನೋಡ, ಅಂಚಿಗೆ ನೇರಳೆ ಬಂತಿಲ್ಲೋ? ನನಗ ಬಂದಂಗ ಕಾಣಾಕತ್ತೈತಿ.”

ಅಂಚು ಹಳದಿಯಾಗಿತ್ತು. ಆ ಹಳದಿಯನ್ನು ನಾನು ಆವತ್ತು ನೋಡಿದೆನೋ, ಆಮೇಲೆ ಪುಸ್ತಕ ಓದಿ ಬಳಿದೆನೋ ಎಂದು ನನ್ನನ್ನೇ ನೂರು ಸಲ ಕೇಳಿದ್ದೇನೆ. ನಾನು ಏನು ಹೇಳಿದೆನೆಂಬುದರಲ್ಲಿ ಮಾತ್ರ ಅನುಮಾನವಿಲ್ಲ. ರೈತನ ಮುಖದ ಮೇಲಿನ ನಗು ನೋಡಿ, ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿ, “ಬಂತಜ್ಜ, ಪಕ್ಕಾ ನೇರಳೆ” ಅಂದೆ. ಅಜ್ಜ ಅದ್ದಿದ. ರೈತ ಅದನ್ನು ಒಂದು ಜಾಲಿ ಕಟ್ಟಿಗೆಗೆ ಬೀಸಿದ. ಹೆಬ್ಬೆಟ್ಟಿನ ಉಗುರಿನಷ್ಟು ಚಕ್ಕೆ ಹಾರಿತು. ಅಜ್ಜ ತನ್ನ ಬಲಗೈ ನೋಡಿಕೊಂಡು, “ಕಣ್ಣ ತಪ್ಪಿಲ್ಲ. ಹುಡುಗನೂ ನೋಡ್ಯಾನ. ಹಂಗಾರ ಕೈನ ಹೋಗೇತಿ” ಅಂದು ಇಕ್ಕಳ ಕೆಳಗಿಟ್ಟ. ಮತ್ತೆ ಎತ್ತಲಿಲ್ಲ. ಎರಡು ತಿಂಗಳಿಗೆ ಅಡಿಗಲ್ಲು ಮಾರಾಟವಾಯಿತು. ಕುಲುಮೆ ಒಡೆದು ಅಪ್ಪ ಅಂಗಡಿ ಹಾಕಿದ. ಮೊದಲ ದಿನವೇ ಕಾರ್ಖಾನೆಯ ಕುಡುಗೋಲುಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ತೂಗುಹಾಕಿದ, ಅಜ್ಜ ಕೂರುತ್ತಿದ್ದ ಕಟ್ಟೆಯ ನೇರಕ್ಕೆ.

ಧಾರವಾಡದ ಗ್ರಂಥಾಲಯದಲ್ಲಿ ಒಂದು ಪುಟ ಓದುವಾಗ ನನಗೆ ಇದು ತಿಳಿಯಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ, ನೇರಳೆಗಳನ್ನು ತಡೆಯುತ್ತದೆ. ಅದನ್ನು ತೆಗೆದು ಹೊಸದು ಹಾಕಿದರೆ ಆ ಬಣ್ಣಗಳು ಒಮ್ಮೆಲೇ ಮರಳುತ್ತವೆ. ಅಜ್ಜನ ಕೈ ಸರಿಯಾಗಿಯೇ ಇತ್ತು. ಹಳೆಯ ಕಣ್ಣಿಗೆ ಒಗ್ಗಿದ್ದ ಅವನ ಅಳತೆಗೆ ಹೊಸ ಕಣ್ಣು ನೇರಳೆಯನ್ನು ಹೊತ್ತಿಗೆ ಮೊದಲೇ ತೋರಿಸುತ್ತಿತ್ತು, ಅಷ್ಟೇ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡು ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಭೌತಶಾಸ್ತ್ರದ ಮೇಷ್ಟ್ರಿದ್ದ ಮನೆಯಲ್ಲಿ ಯಾರೂ ಹೇಳಲಿಲ್ಲ. ನಾನು ಆ ಪುಟ ಓದುವಷ್ಟರಲ್ಲಿ ಅಜ್ಜ ತೀರಿಹೋಗಿ ವರ್ಷವಾಗಿತ್ತು. ಅದೇ ದಿನ ಬಸ್ಸು ಹತ್ತಿ ಹಾವೇರಿಗೆ ಹೋದೆ. ಆಗ ಅಲ್ಲೇ ಮನೆ ಮಾಡಿದ್ದ ಕಾಕಾ ಕೊಟ್ಟ ನೀರೂ ಕುಡಿಯದೆ ಕೇಳಿದೆ: “ನಿನಗ ಇದು ಗೊತ್ತಿತ್ತೇನು?”

“ಆಗ ಹೊಳೀಲಿಲ್ಲಲೇ. ಹೊಳೆದಾಗ ತಡ ಆಗಿತ್ತು” ಅಂದ ಕಾಕಾ. “ಅಡಿಗಲ್ಲ ಹೋಗಿ ತಿಂಗಳಾಗಿತ್ತು. ನಿಮ್ಮಜ್ಜ ಒಂದಿನ ಒಬ್ಬನೇ ನಮ್ಮ ಕಾಲೇಜಿಗೆ ಬಂದ. ಸ್ಟಾಫ್ ರೂಮಿನ ಕಿಡಕ್ಯಾಗ ನಿಂತು ಒಂದ ಕಣ್ಣ ಮುಚ್ಚಿದ, ಇನ್ನೊಂದ ಮುಚ್ಚಿದ. ‘ಆಕಾಶ ಎರಡ ಅದಾವಲ್ಲೋ, ಯಾವುದ ಖರೇ?’ ಅಂದ. ನಾ ಎಲ್ಲಾ ಬಿಡಿಸಿ ಹೇಳಿದೆ. ಆಮ್ಯಾಲೆ, ‘ಹಂಗಾರ ಆವತ್ತ ಹುಡುಗ ನೇರಳೆ ಅಂದದ್ದು?’ ಅಂದ.”

“ನೀ ಏನಂದಿ?”

“ನಾ ಬಾಯಿ ತೆಗೆಯೂದ್ರಾಗ ಅವನೇ ನಕ್ಕ. ‘ನನ್ನ ಮಾನ ಕಾಯಾಕ ಅಂದಾನ ಕೂಸು. ಅವಂಗ ತಿಳೀಬಾರ್ದು’ ಅಂದ. ಕೊಟ್ಟ ಮಾತಿಗೆ ಇಷ್ಟ ವರ್ಷ ಬಾಯಿ ಮುಚ್ಚಿದ್ದೆ.”

ಕಾಕಾನ ಮೇಲೆ ಕೂಗಾಡಲೆಂದು ಹೋಗಿದ್ದ ನಾನು ಕೂಗಾಡಿದೆ. ಯಾರ ಮೇಲೆಂದು ನನಗೇ ತಿಳಿಯಲಿಲ್ಲ. ಎಲ್ಲ ತಿಳಿದ ಮೇಲೂ ಅಜ್ಜ ಆರು ವರ್ಷ ನನ್ನ ಜೊತೆ ಒಂದೇ ತಾಟಿನಲ್ಲಿ ರೊಟ್ಟಿ ಮುರಿದ. ನನಗೆ ಒಂದು ಏಟು ಬೇಕಿತ್ತು, ಅದನ್ನೂ ಕೊಡದೆ ಹೋದ. ಎಡಗಣ್ಣಿನ ಆಪರೇಶನ್‌ಗೆಂದು ಪ್ರತಿ ವರ್ಷ ಶಿಬಿರದ ದಿನ ಕಾಕಾ ಬಂದು ಕರೆಯುತ್ತಿದ್ದ, ಅಜ್ಜ ಏಳುತ್ತಿರಲಿಲ್ಲ. ಮುದುಕನ ಹಟ ಎಂದು ಅಪ್ಪ ಬೈಯುತ್ತಿದ್ದ, ನಾನೂ ಬೈದಿದ್ದೆ. ಕುಲುಮೆಯಿಲ್ಲದ ಮನೆಯಲ್ಲಿ ಅವನು ಕುಡುಗೋಲಿನ ಬಣ್ಣ ಬಲ್ಲ ಆ ಒಂದು ಕಣ್ಣನ್ನು, ಅದು ಪೂರ್ತಿ ಬೆಳ್ಳಗಾಗುವವರೆಗೆ, ಯಾರಿಗೂ ಮುಟ್ಟಗೊಡಲಿಲ್ಲ.