ಮೀಟ್ರಪ್ಪ ನಿಂತ ಹನ್ನೊಂದು ನಿಮಿಷ

ನಮ್ಮಾಫೀಸಲ್ಲಿ ಎಲ್ರೂ ಅವ್ರನ್ನ ಮೀಟ್ರಪ್ಪ ಅಂತಾನೇ ಕರೆಯೋದು. ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡೋ ಕೆಲ್ಸ. ದಿನಕ್ಕೆ ಅರವತ್ತನಾಲ್ಕು ಮನೆ. ಆಫೀಸಿಂದ ಕೊಟ್ಟಿರೋ ಫೋನಲ್ಲಿ ಮೀಟರಿನ ಫೋಟೋ ಹೊಡೀಬೇಕು, ಕಳಿಸ್ಬೇಕು, ಅಷ್ಟೇ. ಆ ಫೋಟೋ ನೋಡ್ಕೊಂಡು ನಂಬರ್ ಟೈಪ್ ಮಾಡೋದು ನನ್ ಕೆಲ್ಸ. ಸ್ಕ್ರೀನಲ್ಲಿ ಎಡಕ್ಕೆ ಫೋಟೋ, ಬಲಕ್ಕೆ ಖಾಲಿ ಡಬ್ಬಿ. ಬೆಳಗ್ಗಿಂದ ಸಂಜೆತನಕ ಇದೇ. ಕಣ್ಣು ಗುಡ್ಡೆ ಬೆಂದ ಮೊಟ್ಟೆ ಥರ ಆಗಿರುತ್ತೆ.

ನಾನು ಅವ್ರ ಫ್ಯಾನ್ ಆಗಿದ್ದು ಹೆಂಗೆ ಅಂದ್ರೆ, ಬೇರೆ ರೀಡರ್‌ಗಳು ಕಳಿಸೋ ಫೋಟೋಗಳು ನೋಡ್ಬೇಕು ನೀವು. ಸೊಟ್ಟ, ಮಸುಕು, ಅರ್ಧ ಹೆಬ್ಬೆಟ್ಟು. ಮೀಟ್ರಪ್ಪಂದು ಬಂತು ಅಂದ್ರೆ ನಂಬರ್ ಕನ್ನಡಿ ಥರ ಸ್ಪಷ್ಟ, ಅದ್ರ ಜೊತೆಗೆ ಅಂಚಲ್ಲಿ ಸುಮ್ನೆ ಏನೋ ಒಂದಿರ್ತಿತ್ತು. ಒಂದೇ ಒಂದು ಚಪ್ಪಲಿ. ಬೆಕ್ಕಿನ ಬಾಲ. ಮೆಟ್ಟಿಲ ಮೇಲೆ ಯಾರೋ ಕುಡಿದಿಟ್ಟು ಮರೆತ ಲೋಟ, ಅದ್ರ ನೆರಳು ಮೀಟರ್ ಮೇಲೆ ಬಿದ್ದಿರೋದು. ನಾನು ನಂಬರ್ ಮರೆತು ಆ ಲೋಟಾನೇ ನೋಡ್ತಾ ಕೂತಿರ್ತಿದ್ದೆ.

ಒಂದಿನ ತಡ್ಕೊಳ್ಳಕ್ಕಾಗ್ದೆ ಊಟದ ಹೊತ್ತಲ್ಲಿ ಹುಡುಕ್ಕೊಂಡೇ ಹೋದೆ. ಮೂಲೆ ಕಾಫಿ ಅಂಗಡಿಲಿ ಸಿಗ್ತಾರೆ ಅಂತ ಜವಾನ ಹೇಳಿದ್ರು. ನಿಜ್ವಾಗ್ಲೂ ಇದ್ರು. ಕಿಟಕಿ ಪಕ್ಕದ ಎತ್ತರದ ಸ್ಟೂಲು, ಬೆನ್ನಿಗೆ ಬ್ಯಾಗು, ಬೂಟಿನ ಹಿಮ್ಮಡಿ ಒಂದೇ ಕಡೆ ಸವೆದಿದೆ. ಐವತ್ತರ ಹತ್ರ ವಯಸ್ಸು.

"ಸರ್, ನಾನು ನಿಮ್ ದೊಡ್ಡ ಫ್ಯಾನು" ಅಂದೆ.

ಅವ್ರು ತಲೆ ಎತ್ತಿ ಮೇಲೆ ನೋಡಿದ್ರು. ಸೀಲಿಂಗ್ ಫ್ಯಾನ್ ನೋಡಿದ್ರು ಅಂತ ಕಾಣುತ್ತೆ. ಆಮೇಲೆ "ಕೂತ್ಕೋ" ಅಂದ್ರು.

ಅಂಗಡಿ ಅಕ್ಕ ಬಂದು "ಸಕ್ಕರೆ ಹಾಕ್ಲಾ?" ಅಂತ ಅವ್ರನ್ನ ಕೇಳಿದ್ರು.

"ಹಾಕಿದ್ರೂ ಒಂದೇ, ಬಿಟ್ರೂ ಒಂದೇ."

"ಎರಡು ವರ್ಷದಿಂದ ಇದೇ ಉತ್ತರ ಕಣಮ್ಮ" ಅಂತ ಅಕ್ಕ ನಂಗೆ ಹೇಳಿದ್ರು. "ಇವ್ರಿಗೆ ಬಿಸಿನೀರು ಕೊಟ್ರೂ ಕುಡಿದು ಎದ್ದು ಹೋಗ್ತಾರೆ."

ಎರಡು ವರ್ಷ ಅಂದ್ರೆ ಅವ್ರ ಅಣ್ಣ ಹೋಗಿ ಎರಡು ವರ್ಷ. ಅಣ್ಣ, ಅತ್ತಿಗೆ, ಇವ್ರು, ಮೂರೇ ಜನ ಒಂದು ಮನೇಲಿ. ಇವ್ರು ಮದುವೆ ಆಗ್ಲಿಲ್ಲ. ಯಾಕೆ ಅಂದ್ರೆ "ಜ್ಞಾಪಕ ಬರ್ಲಿಲ್ಲ" ಅಂತಾರೆ. ಅಣ್ಣ ಬಸ್ ಓಡಿಸ್ತಿದ್ರು. ಒಂದಿನ ಬೆಳಗ್ಗೆ ಹಲ್ಲುಜ್ತಾ ಇದ್ದೋರು ಹಂಗೇ ಕೂತ್ಬಿಟ್ರು, ಮತ್ತೆ ಏಳ್ಲಿಲ್ಲ. ಅವತ್ತು ಬಂದೋರೆಲ್ಲ ಅತ್ತರು, ಇವ್ರು ಮಾತ್ರ ಬಂದೋರ ಚಪ್ಪಲಿ ಜೋಡಿಸಿಡ್ತಾ ಇದ್ರಂತೆ. ಅಳು ಬರ್ಲಿಲ್ಲ. ಈಗ್ಲೂ ಬಂದಿಲ್ಲ. "ಏನೂ ಅನ್ಸಲ್ಲ ಮರಿ. ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಡ್ತಾರಲ್ಲ, ಹಂಗೆ. ತುಟಿ ಇದೆಯೋ ಇಲ್ವೋ ಅಂತ ಮುಟ್ಟಿ ನೋಡ್ಕೋಬೇಕು."

ಫೋಟೋ ಶುರುವಾಗಿದ್ದೂ ಆಮೇಲೇನೇ. ಮನೆಯಿಂದ ಮನೆಗೆ ನಡೆಯೋವಾಗ ಬೀದೀಲಿ ಕಂಡಿದ್ದನ್ನ ಅದೇ ಫೋನಲ್ಲಿ ಹೊಡ್ಕೋತಾರೆ. ಮಧ್ಯಾಹ್ನ ಕಾಫಿ ಮುಂದೆ ಕೂತು ಒಂದೊಂದೇ ನೋಡ್ತಾರೆ. ಹಿಂಗೆ ಬೆರಳಲ್ಲಿ ತಳ್ಳೋದು, ನಿಲ್ಲೋದು, ತಳ್ಳೋದು.

"ಏನ್ ನೋಡ್ತೀರ ಸರ್ ಅಷ್ಟೊತ್ತು?"

"ಏನಾದ್ರೂ ಅನ್ಸುತ್ತಾ ಅಂತ."

"ಅನ್ಸುತ್ತಾ?"

"ಇಲ್ಲ." ಒಂದು ಗುಟುಕು ಕುಡಿದ್ರು. "ಕೆಲವು ಸಲ ಅನ್ಸೋ ಹಂಗಾಗುತ್ತೆ. ಸೀನು ಬಂದು ವಾಪಸ್ ಹೋಗುತ್ತಲ್ಲ, ಅಷ್ಟು."

ಹಂಗೆ ಸೀನು ಬಂದು ಹೋದ ಹಂಗಾಗಿದ್ದನ್ನ ಒಂದೇ ಒಂದು ಉಳಿಸ್ಕೊಂಡು ಅತ್ತಿಗೆ ಫೋನಿಗೆ ಕಳಿಸ್ತಾರೆ, ಯಾಕಂದ್ರೆ ಇವ್ರದ್ದು ಅಂತ ಬೇರೆ ಫೋನಿರೋದು ಬರೀ ಗುಂಡಿ ಒತ್ತೋದು. ಮಿಕ್ಕಿದ ಬೀದಿ ಫೋಟೋ ಎಲ್ಲಾ ಅಳಿಸಿ, ಮೀಟರ್ ಫೋಟೋ ಎಲ್ಲಾ ಆಫೀಸಿಗೆ ಕಳಿಸಿ, ಲೋಟ ಇಟ್ಟು ಏಳ್ತಾರೆ. ಅತ್ತಿಗೆ ಪರದೆ ಹೊಲೀತಾರೆ ಮನೇಲಿ. ನಾನೊಂದ್ಸಲ ಹೋಗಿದ್ದೆ. ಬಾಯಲ್ಲಿ ಗುಂಡುಪಿನ್ನು ಇಟ್ಕೊಂಡೇ ಬೈದ್ರು: "ಗಿರಾಕಿಗೆ ಬಟ್ಟೆ ಬಣ್ಣ ತೋರ್ಸೋಣ ಅಂತ ಫೋನ್ ತೆಗೆದ್ರೆ ಮೊದ್ಲು ಬರೋದು ನಮ್ಮ ಮೈದುನನ ತೂತುಬಿದ್ದ ಬಕೆಟ್ಟು. ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟನಿಗೇ ಒಂದು ದಾರಿ." ಆದ್ರೆ ಒಂದನ್ನೂ ಅಳಿಸಿರ್ಲಿಲ್ಲ, ನಾನೇ ಎಣಿಸ್ದೆ, ಐನೂರಕ್ಕೂ ಜಾಸ್ತಿ ಇತ್ತು.

ನಿಮಗೆ ಒಂದು ವಿಷಯ ಹೇಳ್ಬೇಕು. ಆ ನಡಿಗೆ ಬಿಟ್ರೆ ಅವ್ರಿಗೆ ಬೇರೇನೂ ಇರ್ಲಿಲ್ಲ. ಬೀಟು ಅಂತೀವಿ ನಾವು, ಅವ್ರಿಗೆ ಅಂತ ಕೊಟ್ಟಿರೋ ಬೀದಿಗಳು. ಅದು ಹೋಗ್ಬಿಟ್ರೆ ಈ ಮನುಷ್ಯ ಕುರ್ಚಿ ಮೇಲೆ ಇಟ್ಟ ಕೋಟು ಥರ ಆಗ್ಬಿಡ್ತಾರೆ ಅಂತ ನಂಗೂ ಗೊತ್ತಿತ್ತು, ಅಂಗಡಿ ಅಕ್ಕಂಗೂ ಗೊತ್ತಿತ್ತು.

ಆದ್ರೆ ಅದನ್ನ ಕಳೆಯೋ ಕೆಲ್ಸ ಮಾಡಿದ್ದು ನಾನೇ. ಅರ್ಧ ನಾನು, ಅರ್ಧ ಅವ್ರು.

ಅವತ್ತು ಮಧ್ಯಾಹ್ನ ಅವ್ರು ಕಾಫಿ ಮುಂದೆ ಫೋಟೋ ಆರಿಸ್ತಾ ಇದ್ದಾಗ ಅತ್ತಿಗೆ ಫೋನ್ ಮಾಡಿದ್ರಂತೆ. "ನಿಮ್ಮಣ್ಣನ ಅಂಗಿಗಳು ಬೀರು ತುಂಬ ಇವೆ. ಯಾರಿಗಾದ್ರೂ ಕೊಟ್ಬಿಡ್ಲಾ? ನಿಂಗೇನಾದ್ರೂ ಬೇಕಾ?" ಇವ್ರು "ಕೊಟ್ಬಿಡಿ, ನಂಗೇನೂ ಅನ್ಸಲ್ಲ" ಅಂದ್ರಂತೆ. ಅನ್ನುತ್ತಾ ಅನ್ನುತ್ತಾ ಬೆರಳು ಉಲ್ಟಾ ಒತ್ತಿದೆ. ಅರವತ್ತನಾಲ್ಕು ಮೀಟರೂ ಅಳಿಸಿಹೋಯ್ತು. ಬೀದಿ ಫೋಟೋ ಮೂವತ್ತೊಂದು ಆಫೀಸಿಗೆ ಹೋಯ್ತು. ಅವ್ರಿಗೆ ಗೊತ್ತೂ ಆಗ್ಲಿಲ್ಲ, ಕಾಫಿ ಕುಡೀತಾ ಕೂತ್ರು.

ನನ್ ಸ್ಕ್ರೀನಿಗೆ ಬಂತಲ್ಲ! ಎಡಕ್ಕೆ ಮೀಟರ್ ಇರ್ಬೇಕಾದ ಜಾಗದಲ್ಲಿ ಏಣಿ ಮೇಲೆ ನಿದ್ದೆ ಮಾಡ್ತಿರೋ ಬೆಕ್ಕು. ಬಲಕ್ಕೆ ಖಾಲಿ ಡಬ್ಬಿ, ನಂಬರ್ ಹಾಕು ಅಂತ ಮಿಣಮಿಣ. ಮುಂದಿಂದು, ಛತ್ರಿ ಒಳಗಡೆ ಜಗಳ ಆಡ್ತಿರೋ ಗಂಡಹೆಂಡತಿಯ ನಾಲ್ಕು ಮೊಣಕಾಲು. ನಾನು ತೆಪ್ಪಗೆ ಅವ್ರಿಗೊಂದು ಫೋನ್ ಮಾಡಿ "ಸರ್ ಎಡವಟ್ಟಾಗಿದೆ" ಅಂದಿದ್ರೆ ಮುಗೀತಿತ್ತು, ಯಾರಿಗೂ ತಿಳೀತಿರ್ಲಿಲ್ಲ. ನಾನೇನ್ ಮಾಡ್ದೆ? ಪಕ್ಕದ ಟೇಬಲ್ ಅವ್ರನ್ನ ಕರೆದೆ. ಅವ್ರು ಇನ್ನಿಬ್ರನ್ನ ಕರೆದ್ರು. "ನೋಡ್ರೋ ನೋಡ್ರೋ ನಮ್ ಮೀಟ್ರಪ್ಪನ ಕೈಚಳಕ!" ಹತ್ತು ಜನ ನನ್ ಕುರ್ಚಿ ಹಿಂದೆ. ಹನ್ನೊಂದನೆಯೋರು ಸಾಹೇಬ್ರು.

ಸಾಹೇಬ್ರು ಕೆಟ್ಟೋರಲ್ಲ. ಆದ್ರೆ ಸಂಜೆ ಐದಕ್ಕೆ ಸರಿಯಾಗಿ ಆ ದಿನದ ಲೆಕ್ಕಾಚಾರ ಕಂಪ್ಯೂಟರಲ್ಲಿ ತಾನಾಗೇ ಮುಚ್ಕೊಳ್ಳುತ್ತೆ, ದೇವ್ರು ಬಂದ್ರೂ ತೆಗೆಯೋಕಾಗಲ್ಲ. ಮೀಟ್ರಪ್ಪನ್ನ ಕರೆಸಿದ್ರು.

"ಏನ್ರೀ ಇದು? ಬೆಕ್ಕಿಗೆ ಎಷ್ಟು ಲೀಟರ್ ಅಂತ ಹಾಕ್ಲಿ?"

"ತಪ್ಪಾಯ್ತು ಸರ್."

"ಈಗ ಎರಡು ಗಂಟೆ. ಐದರೊಳಗೆ ಅರವತ್ತನಾಲ್ಕೂ ಮತ್ತೆ ಬರ್ಬೇಕು. ಬಂತು, ನಾನೇನೂ ನೋಡಿಲ್ಲ. ಬರ್ಲಿಲ್ಲ, ನಾಳೆಯಿಂದ ಆರು ತಿಂಗಳು ಟೇಬಲ್ ಕೆಲ್ಸ. ಬೀಟು ಬೇರೆಯೋರಿಗೆ."

ಮೀಟ್ರಪ್ಪ ತಲೆ ಆಡಿಸಿ ಹೊರಟ್ರು. ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ನಾನು ಹೊಟ್ಟೆನೋವು ಅಂತ ಬರೆದುಕೊಟ್ಟು ಅರ್ಧ ದಿನ ರಜ ಹಾಕಿ ಅವ್ರ ಹಿಂದೆ ಓಡಿದೆ.

"ಸರ್, ನನ್ನಿಂದಾನೇ ಆಗಿದ್ದು. ನಾನೇ ಎಲ್ರಿಗೂ ತೋರ್ಸಿದ್ದು."

"ಹೌದಾ" ಅಂದ್ರು. "ಯಾವ್ದು ಇಷ್ಟ ಆಯ್ತು ಅವ್ರಿಗೆ?"

"ಬೆಕ್ಕು."

"ಬೆಕ್ಕು ಎಲ್ರಿಗೂ ಇಷ್ಟ ಆಗುತ್ತೆ" ಅಂದ್ರು, ಅಷ್ಟೇ.

ಆಮೇಲೆ ನಡೆದ್ವಿ. ಅಯ್ಯೋ ಏನ್ ನಡಿಗೆ ಅಂತೀರ! ಅವ್ರಿಗೆ ಯಾವ ಮನೆ ಮೀಟರ್ ಎಲ್ಲಿದೆ ಅಂತ ಅಂಗೈ ಗೆರೆ ಥರ ಗೊತ್ತು. ಗೇಟು ತೆಗೆ, ಬಗ್ಗು, ಹೊಡಿ, ಮುಚ್ಚು. ನಾನು ಮುಂದೆ ಓಡಿ ಗೇಟು ತೆಗೆದಿಡೋದು. ಒಂದು ಮನೆಯ ಅಜ್ಜಿ "ಬೆಳಗ್ಗೆ ತಾನೇ ನೋಡ್ಕೊಂಡು ಹೋದ್ಯಲ್ಲ, ಅಷ್ಟರೊಳಗೆ ನಾನೇನ್ ಕೆರೆ ಕುಡಿದ್ಬಿಟ್ನಾ?" ಅಂತ ಕೇಳಿದ್ರು. ಇನ್ನೊಂದು ಮನೆಯೋರು ಅನುಮಾನದಿಂದ ನಲ್ಲಿ ಎಲ್ಲಾ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ್ರು. ಅಷ್ಟೂ ಹೊತ್ತು ಮೀಟ್ರಪ್ಪ ಆಕಡೆ ಈಕಡೆ ನೋಡ್ಲಿಲ್ಲ. ಬೀದಿ ಫೋಟೋ ಒಂದೂ ಹೊಡೀಲಿಲ್ಲ. ಫೋಟೋ ಅಂಚಲ್ಲಿ ಚಪ್ಪಲಿ ಇಲ್ಲ, ಲೋಟ ಇಲ್ಲ. ಬರೀ ನಂಬರ್. ಬೇರೆ ಯಾರ್ದೋ ಫೋಟೋ ಥರ ಇತ್ತು.

ನಾಲ್ಕು ನಲವತ್ನಾಲ್ಕಕ್ಕೆ ಅರವತ್ತೊಂದು ಮನೆ ಮುಗೀತು. ಇನ್ನು ಮೂರೇ ಮೂರು, ಬಸ್ ಸ್ಟಾಪ್ ದಾಟಿದ್ರೆ ಸಾಲಾಗಿವೆ. ಎಂಟು ನಿಮಿಷ ಸಾಕು. ನಂಗೆ ಕುಣಿಯೋಷ್ಟು ಖುಷಿ. ತಿರುಗಿ ನೋಡಿದ್ರೆ ಹಿಂದೆ ಮೀಟ್ರಪ್ಪ ಇಲ್ಲ. ಬಸ್ ಸ್ಟಾಪ್ ಎದುರು ನಿಂತುಬಿಟ್ಟಿದ್ದಾರೆ.

ಬಸ್ ಸ್ಟಾಪಿಗೆ ಮೂರು ಕಡೆ ಗಾಜು. ಒಳಗೆ ಒಬ್ಬ ಮನುಷ್ಯ, ಫ್ಯಾಕ್ಟರಿ ಡ್ರೆಸ್ಸು, ಕೆನ್ನೆ ಗಾಜಿಗೆ ಒತ್ತಿಟ್ಟು ಗಾಢ ನಿದ್ದೆ. ಹೊರಗೆ ಗಾಜು ಒರೆಸೋ ಹೆಂಗಸು, ಕೈಯಲ್ಲಿ ಒದ್ದೆ ಬಟ್ಟೆ. ಮೇಲಿಂದ ಒರೆಸ್ಕೊಂಡು ಬಂದ್ರು. ಆ ಮುಖದ ಹತ್ರ ಬಂದಾಗ ಕೈ ನಿಧಾನ ಆಯ್ತು. ಹಣೆ ಸುತ್ತ ಒರೆಸಿದ್ರು, ಮೂಗಿನ ಸುತ್ತ, ಗಲ್ಲದ ಕೆಳಗೆ. ಕೆನ್ನೆ ಇದ್ದ ಜಾಗ ಮುಟ್ಟಲಿಲ್ಲ. ಗಾಜಿನ ಆಚೆ ಇದ್ದಾನೆ, ಒರೆಸಿದ್ರೆ ಅವನಿಗೇನೂ ತಾಗಲ್ಲ. ಆದ್ರೂ ಒರೆಸ್ಲಿಲ್ಲ. ಬಕೆಟ್ ಕೆಳಗಿಟ್ಟು ಸುಮ್ನೆ ನಿಂತ್ರು.

"ಸರ್, ಬನ್ನಿ, ಟೈಮಾಗುತ್ತೆ."

ಫೋನ್ ಎದೆ ಹತ್ರ ಹಿಡ್ಕೊಂಡಿದ್ದಾರೆ, ಹೊಡೀತಾನೂ ಇಲ್ಲ.

"ಸರ್, ಒಂದು ಹೊಡ್ಕೊಂಡು ಬನ್ನಿ ಬೇಗ!"

ನಾಲ್ಕು ಐವತ್ತು. ಹೆಂಗಸು ಕಾಯ್ತಿದ್ದಾರೆ, ಅವನು ಮಲಗಿದ್ದಾನೆ, ಇವ್ರು ನಿಂತಿದ್ದಾರೆ. ನಾನು ತೋಳು ಹಿಡಿದು ಎಳೆದೆ.

"ಸುಮ್ನಿರಮ್ಮ ಒಂದ್ಸಲ!" ಅಂತ ಗದರಿಬಿಟ್ರು.

ಬೀದೀಲಿ ಹೋಗೋರು ತಿರುಗಿ ನೋಡೋಷ್ಟು ಜೋರು. ನಾನು ಮಾತ್ರ ಅಲ್ಲ, ಅವ್ರೂ ಬೆಚ್ಚಿಬಿದ್ರು. ಆ ಗಂಟಲಿಂದ ಅಂಥ ಸದ್ದು ಬರುತ್ತೆ ಅಂತ ಅವ್ರಿಗೇ ಮರೆತುಹೋಗಿತ್ತು ಅಂತ ಕಾಣುತ್ತೆ. ಕಿವಿ ಕೆಂಪಾಗಿತ್ತು. ನಾನು ತೋಳು ಬಿಟ್ಟೆ.

ನಾಲ್ಕು ಐವತ್ತೈದಕ್ಕೆ ಬಸ್ ಬಂತು. ಆ ಮನುಷ್ಯ ಧಡಕ್ಕನೆ ಎದ್ದು ಬಾಯಿ ಒರೆಸ್ಕೊಂಡು ಹತ್ತಿ ಹೋದ. ಫಳಫಳ ಗಾಜಿನ ಮಧ್ಯ ಒಂದು ಕೆನ್ನೆಯಷ್ಟು ಧೂಳು ಉಳ್ಕೊಂಡಿತ್ತು. ಹೆಂಗಸು ಬಟ್ಟೆ ಎತ್ತಿದ್ರು. ಕೈ ಗಾಜಿಗೆ ತಾಗೋಕೆ ಮುಂಚೆ ಮೀಟ್ರಪ್ಪ ಒಂದೇ ಒಂದು ಹೊಡೆದ್ರು. ಆಮೇಲೆ ಅದೂ ಒರೆಸಿಹೋಯ್ತು.

ಉಳಿದ ಮೂರು ಮನೆ ಮುಗಿದಾಗ ಐದು ಗಂಟೆ ಮೂರು ನಿಮಿಷ. ಕಳಿಸಿದ್ರು. ಕಂಪ್ಯೂಟರ್ ಬಾಗಿಲು ಮುಚ್ಚಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ.

"ಏನಾದ್ರೂ ಅನ್ನಿಸ್ತಾ ಸರ್?" ಅಂತ ಕೇಳಿದೆ. ಸ್ವಲ್ಪ ಸಿಟ್ಟಲ್ಲೇ ಕೇಳಿದೆ.

"ಕಾಲು ನೋಯ್ತಿದೆ ಅನ್ನಿಸ್ತು" ಅಂದ್ರು.

ಮಾರನೇ ದಿನ ಸಾಹೇಬ್ರೇ ಕರೆದು ಒಂದು ಹಾಳೆ ಕೊಟ್ರು. ನಾನು ಬಾಗಿಲಲ್ಲೇ ಇದ್ದೆ. "ಅರವತ್ತೊಂದು ಟೈಮಿಗೆ ಬಂದಿದೆ. ಮೂರಕ್ಕೋಸ್ಕರ ನಿಮ್ಮನ್ನ ಕೂರಿಸೋಕೆ ನಂಗೂ ಮನಸ್ಸಿಲ್ಲ. ತಡ ಆಗಿದ್ದಕ್ಕೆ ಕಾರಣ ಬರೆದುಕೊಡಿ, ಮೇಲಿನೋರಿಗೆ ಹೇಳ್ಕೋತೀನಿ. ಬೀಟು ನಿಮ್ಗೇ ಇರ್ಲಿ."

ಮೀಟ್ರಪ್ಪ ಬರೆದುಕೊಟ್ರು. ಸಾಹೇಬ್ರು ಓದಿದ್ರು, ಕನ್ನಡಕ ತೆಗೆದು ಇನ್ನೊಂದ್ಸಲ ಓದಿದ್ರು. "'ಬಸ್ ನಿಲ್ದಾಣದ ಗಾಜು ಒರೆಸುವುದನ್ನು ನೋಡುತ್ತಾ ಹನ್ನೊಂದು ನಿಮಿಷ ನಿಂತಿದ್ದರಿಂದ ತಡವಾಯಿತು.' ಏನ್ರೀ ಇದು, ಇದನ್ನ ಮೇಲೆ ಕಳಿಸಿದ್ರೆ ನನ್ನ ಮುಖಕ್ಕೆ ಉಗೀತಾರೆ. ಹೊಟ್ಟೆನೋವು ಅಂತ ಬರೀರಿ ಪುಣ್ಯಾತ್ಮ. ಎಲ್ರೂ ಅದನ್ನೇ ಬರೆಯೋದು."

ಸಾಹೇಬ್ರು ನನ್ನ ಕಡೆ ನೋಡ್ಲಿಲ್ಲ. ನಾನು ನೆಲ ನೋಡ್ದೆ.

"ಹೊಟ್ಟೆ ನೋಯ್ಲಿಲ್ಲ ಸರ್."

"ನೋಯ್ತು ಅಂತ ಬರೆಯೋಕೆ ನೋಯ್ಬೇಕಾಗಿಲ್ಲ ಕಣ್ರೀ. ಎಲ್ಲೋ ಒಂದ್ಕಡೆ ನೋಯ್ತು ಅನ್ನಿ."

"ಎಲ್ಲೂ ನೋಯಲ್ಲ ಸರ್, ಅದೇ ಕಷ್ಟ." ಹಾಳೆನ ಸಾಹೇಬ್ರ ಕಡೆಗೇ ಸರಿಸಿದ್ರು. "ನಿಂತಿದ್ದೆ. ನಿಂತಿದ್ದೆ ಅಂತಾನೇ ಇರ್ಲಿ."

ಆಮೇಲೆ ಆಫೀಸಿನ ಫೋನ್ ತೆಗೆದು ಸಾಹೇಬ್ರ ಮೇಜಿನ ಮೇಲೆ ಇಟ್ರು.

ಈಗ ಅವ್ರು ನನ್ ಪಕ್ಕದ ಟೇಬಲ್ಲೇ. ಅವ್ರ ಸ್ಕ್ರೀನಲ್ಲೂ ಎಡಕ್ಕೆ ಫೋಟೋ, ಬಲಕ್ಕೆ ಡಬ್ಬಿ. ಅವ್ರ ಬೀದಿಗಳಿಂದ ಬೇರೆ ಯಾರೋ ಸೊಟ್ಟ ಫೋಟೋ ಕಳಿಸ್ತಾರೆ, ಇವ್ರು ಕತ್ತು ವಾಲಿಸ್ಕೊಂಡು ಓದಿ ಟೈಪ್ ಮಾಡ್ತಾರೆ. ಏನೂ ಅನ್ಸಲ್ಲ ಅಂತಾರೆ. ಕಾಫಿ ಅಂಗಡಿಗೆ ಕರೆದ್ರೆ ಹೊತ್ತು ಸಾಲಲ್ಲ ಅಂತಾರೆ. ನನ್ ಫೋನ್ ಇಟ್ಕೊಳ್ಳಿ ಅಂದೆ, "ಬೇಡ ಮರಿ" ಅಂದ್ರು. ಆದ್ರೆ ಬಸ್ಸಿಗೆ ಬರೋದು ಬಿಟ್ಟಿದ್ದಾರೆ. ಒಂದೂವರೆ ಗಂಟೆ ಮುಂಚೆ ಮನೆ ಬಿಟ್ಟು ನಡ್ಕೊಂಡೇ ಬರ್ತಾರೆ. ಕೈಯಲ್ಲಿ ಏನೂ ಇರಲ್ಲ. ಅತ್ತಿಗೆ ಬಾಗಿಲ ತನಕ ಬಂದು ಬೈತಾರಂತೆ.

ನಿನ್ನೆ ಬೆಳಗ್ಗೆ ಬಂದು ಬ್ಯಾಗ್ ಇಟ್ಟ ತಕ್ಷಣ ನಾನು ಎಂದಿನ ಹಂಗೆ "ಏನ್ ಸಿಕ್ತು ಸರ್?" ಅಂದೆ.

"ಏನಿಲ್ಲ" ಅಂದ್ರು. ಕಂಪ್ಯೂಟರ್ ಆನ್ ಮಾಡಿದ್ರು. ಅದು ಶುರುವಾಗೋಕೆ ಐದು ನಿಮಿಷ ಬೇಕು, ಕೈ ಕಟ್ಕೊಂಡು ಕೂತ್ರು. "ಒಂದು ಬಾಗಿಲಿಗೆ ಬಣ್ಣ ಹೊಡೀತಾ ಇದ್ರು. ಅರ್ಧ ಆಗಿತ್ತು, ಟೈಮಾಯ್ತು ಅಂತ ಬಂದ್ಬಿಟ್ಟೆ. ನಾಳೆ ಇನ್ನೊಂದು ಹತ್ತು ನಿಮಿಷ ಬೇಗ ಹೊರಡ್ಬೇಕು."